ರಾಷ್ಟ್ರಪತಿ ಚುನಾವಣೆ ದಿನ ಪಕ್ಷವೊಂದು ಮನೆಯಲ್ಲೇ ಕೂರಬಹುದಾ? ಪರ-ವಿರೋಧ

2025ರ ಸೆಪ್ಟೆಂಬರ್ 9ರಂದು ಉಪರಾಷ್ಟ್ರಪತಿ ಚುನಾವಣೆ ನಡೆಯಿತು. ಬಿಜೆಪಿ ಕೂಟದ ಸಿ.ಪಿ. ರಾಧಾಕೃಷ್ಣನ್ ಅವರಿಗೆ 452 ಮತ, ವಿರೋಧ ಪಕ್ಷಗಳ ಬಿ. ಸುದರ್ಶನ್ ರೆಡ್ಡಿ ಅವರಿಗೆ 300 ಮತ ಬಿತ್ತು. ಒಡಿಶಾದ ಬಿಜೆಡಿಯ ಏಳು ಸಂಸದರು, ತೆಲಂಗಾಣದ ಬಿಆರ್‌ಎಸ್‌ನ ನಾಲ್ವರು ಆ ಕಡೆ ತಲೆಯನ್ನೇ ಹಾಕಲಿಲ್ಲ. ಮರೆತು ಅಲ್ಲ, ಹುಷಾರಿಲ್ಲದೆಯೂ ಅಲ್ಲ. ನಾವು ಬರಲ್ಲ ಅಂತ ಪಕ್ಷಗಳೇ ಮೊದಲು ಹೇಳಿ ದೂರ ಉಳಿದವು. 2027ರ ಜುಲೈನಲ್ಲಿ ದ್ರೌಪದಿ ಮುರ್ಮು ಅವರ ಅವಧಿ ಮುಗಿಯುತ್ತದೆ. ಆ ರಾಷ್ಟ್ರಪತಿ ಚುನಾವಣೆಯಲ್ಲೂ ಯಾವುದಾದರೂ ಪಕ್ಷ ಇದೇ ದಾರಿ ಹಿಡಿದರೆ ಆಶ್ಚರ್ಯವಿಲ್ಲ. ಅದಕ್ಕೇ ಎರಡೂ ಕಡೆಯ ಮಾತನ್ನು ಈಗಲೇ ಬರೆಯುತ್ತಿದ್ದೇನೆ. ಎರಡನ್ನೂ ಮನಸಾರೆ ಬರೆದಿದ್ದೇನೆ, ಆದರೆ ನನ್ನ ಮನಸ್ಸು ವಾಲುವುದು ಎರಡನೆಯದರ ಕಡೆಗೇ. ಅದನ್ನು ಮುಚ್ಚಿಡುವುದಿಲ್ಲ.

ಪರ: ದೂರ ಉಳಿಯುವುದೂ ಒಂದು ನಿಲುವು

ನಮ್ಮ ಊರಿನ ಮತಯಂತ್ರದಲ್ಲಿ ನೋಟಾ ಗುಂಡಿ ಇದೆ. ಯಾರೂ ಬೇಡ ಅಂತ ಹೇಳುವ ಹಕ್ಕು ನಿಮಗೂ ಇದೆ, ನನಗೂ ಇದೆ. ರಾಷ್ಟ್ರಪತಿಯನ್ನು ಆರಿಸುವ ಶಾಸಕ, ಸಂಸದರಿಗೆ ಆ ಗುಂಡಿಯೇ ಇಲ್ಲ. ಉಪರಾಷ್ಟ್ರಪತಿ ಚುನಾವಣೆಯಲ್ಲೂ ಇಲ್ಲ. 2025ರಲ್ಲಿ ಬಿಆರ್‌ಎಸ್‌ನ ಕೆ.ಟಿ. ರಾಮರಾವ್ ಹೇಳಿದ್ದು ಇದನ್ನೇ: ನೋಟಾ ಇದ್ದಿದ್ದರೆ ಅದನ್ನೇ ಒತ್ತುತ್ತಿದ್ದೆವು ಅಂತ. ತೆಲಂಗಾಣದ ರೈತರಿಗೆ ಯೂರಿಯಾ ಸಿಗುತ್ತಿರಲಿಲ್ಲ, ಕೇಂದ್ರದಲ್ಲಿರುವ ಬಿಜೆಪಿಯೂ ರಾಜ್ಯದಲ್ಲಿರುವ ಕಾಂಗ್ರೆಸ್ಸೂ ಆ ಕಷ್ಟ ಕೇಳಲಿಲ್ಲ, ಹಾಗಿರುವಾಗ ಈ ಇಬ್ಬರಲ್ಲಿ ಒಬ್ಬರ ಅಭ್ಯರ್ಥಿಗೆ ಯಾಕೆ ಕೈ ಎತ್ತಬೇಕು ಅನ್ನುವುದು ಅವರ ಪ್ರಶ್ನೆ. ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ ಅದು.

ಬೇರೆ ಅಭ್ಯರ್ಥಿಯನ್ನು ನಿಲ್ಲಿಸಿ ಅಂತ ಹೇಳುವುದು ಸುಲಭ. ರಾಷ್ಟ್ರಪತಿ ಚುನಾವಣೆಯ ನಾಮಪತ್ರಕ್ಕೆ 50 ಜನ ಸೂಚಕರು, ಇನ್ನೂ 50 ಜನ ಅನುಮೋದಕರು ಬೇಕು, ಎಲ್ಲರೂ ಮತ ಹಾಕುವ ಹಕ್ಕಿರುವ ಶಾಸಕ, ಸಂಸದರೇ ಆಗಿರಬೇಕು. ಸಣ್ಣ ಪಕ್ಷ ನೂರು ಸಹಿಯನ್ನು ಎಲ್ಲಿಂದ ತರುತ್ತದೆ? ಅಂದರೆ ದೊಡ್ಡವರಿಬ್ಬರು ಕೂತು ಹೆಸರು ಆರಿಸುತ್ತಾರೆ, ಉಳಿದವರು ಬಂದು ಗುರುತು ಹಾಕಿ ಹೋಗಬೇಕು.

2012ರ ರಾಷ್ಟ್ರಪತಿ ಚುನಾವಣೆಯನ್ನೇ ನೋಡಿ. ಪ್ರಣಬ್ ಮುಖರ್ಜಿ, ಪಿ.ಎ. ಸಂಗ್ಮಾ ಕಣದಲ್ಲಿದ್ದರು. ಎಡರಂಗದ ಸಿಪಿಎಂ ಮತ್ತು ಫಾರ್ವರ್ಡ್ ಬ್ಲಾಕ್ ಪ್ರಣಬ್ ಕಡೆ ಹೋದವು. ಸಿಪಿಐ ಮತ್ತು ಆರ್‌ಎಸ್‌ಪಿ ದೂರ ಉಳಿದವು. ವರ್ಷಗಟ್ಟಲೆ ಬೀದಿಯಲ್ಲಿ ನಿಂತು ಯುಪಿಎ ಸರ್ಕಾರದ ಆರ್ಥಿಕ ನೀತಿ ಬೇಡ ಅಂತ ಕೂಗಿದವರು, ಅದೇ ಸರ್ಕಾರದ ಹಣಕಾಸು ಸಚಿವರಿಗೆ ಮತ ಹಾಕಿ ಕಾರ್ಯಕರ್ತರಿಗೆ ಏನು ಹೇಳಬೇಕು? ಬಿಜೆಪಿ ಬೆಂಬಲಿಸಿದ ಸಂಗ್ಮಾ ಕಡೆಯೂ ಹೋಗುವಂತಿರಲಿಲ್ಲ. ತೆಲಂಗಾಣ ರಾಜ್ಯ ಕೊಡದೆ ಸತಾಯಿಸುತ್ತಿದ್ದಾರೆ ಅಂತ ಟಿಆರ್‌ಎಸ್ (ಬಿಆರ್‌ಎಸ್‌ನ ಹಳೆಯ ಹೆಸರು) ಕೂಡ ಅವತ್ತು ಹೊರಗುಳಿಯಿತು. ತೆಲುಗುದೇಶಂ ಕೂಡ. ಇವರೆಲ್ಲ ಮತ ಹಾಕಿದ್ದರೂ ಪ್ರಣಬ್ ಗೆಲ್ಲುತ್ತಿದ್ದರು. ಫಲಿತಾಂಶ ಗೊತ್ತಿರುವ ಚುನಾವಣೆಯಲ್ಲಿ ಪಕ್ಷದ ಕೈಯಲ್ಲಿ ಉಳಿಯುವುದು ತನ್ನ ಮಾತು ಮಾತ್ರ. ಅದನ್ನಾದರೂ ಉಳಿಸಿಕೊಳ್ಳಲಿ.

ಕಾನೂನಿನಲ್ಲೂ ತಪ್ಪಿಲ್ಲ. ಈ ಚುನಾವಣೆಯಲ್ಲಿ ವಿಪ್ (ಹೀಗೇ ಮತ ಹಾಕಿ ಅಂತ ಪಕ್ಷ ತನ್ನವರಿಗೆ ಕೊಡುವ ಕಡ್ಡಾಯ ಆದೇಶ) ಕೊಡುವಂತಿಲ್ಲ, ಮತ ಹಾಕದಿದ್ದರೆ ಯಾರ ಸ್ಥಾನವೂ ಹೋಗುವುದಿಲ್ಲ. ಇನ್ನೊಂದು ಮಾತು. ಮತ ಗುಟ್ಟಾಗಿ ಬೀಳುತ್ತದೆ, ಒಳಗೆ ಹೋದವರು ಯಾರ ಮುಂದೆ 1 ಅಂತ (ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2 ಅಂತ ಬರೆಯುವುದು ಇಲ್ಲಿನ ಪದ್ಧತಿ) ಬರೆದರು ಅನ್ನುವುದು ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ. ಜನರ ಕಣ್ಣಿಗೆ ಬೀಳುವಂತೆ ಒಂದು ಪಕ್ಷ ಇಲ್ಲಿ ಮಾಡಬಹುದಾದ ಕೆಲಸ ಒಂದೇ, ಬರದೇ ಇರುವುದು.

ವಿರೋಧ: ಇದು ಹಿಂಬಾಗಿಲಿನಿಂದ ಬಂದ ವಿಪ್

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನನಗೆ ತೊಂದರೆ ಕಾಣುವುದೇ ಅಲ್ಲಿ. ಬರದೇ ಇರುವುದು ಕಣ್ಣಿಗೆ ಬೀಳುತ್ತದೆ, ನಿಜ. ಹಾಗಾದರೆ ಬರುವುದೂ ಬೀಳುತ್ತದೆ ಅಲ್ವಾ? ಪಕ್ಷ ಎಲ್ಲರಿಗೂ ಹೋಗಬೇಡಿ ಅಂದ ಮೇಲೆ, ಮತ ಹಾಕಬೇಕು ಅಂತ ಮನಸ್ಸಿರುವ ಒಬ್ಬ ಸಂಸದ ಬಾಗಿಲು ದಾಟಿದ ಕ್ಷಣವೇ ಸಿಕ್ಕಿಬಿದ್ದ. ಅವನು ಯಾರಿಗೆ ಹಾಕಿದ ಅನ್ನುವುದು ಆಮೇಲಿನ ಮಾತು, ಹೋದದ್ದೇ ದ್ರೋಹ ಆಗಿಬಿಡುತ್ತದೆ. 2022ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ತೃಣಮೂಲ ಕಾಂಗ್ರೆಸ್ ದೂರ ಉಳಿಯಲು ತೀರ್ಮಾನಿಸಿತು. ಅದರ ಇಬ್ಬರು ಸಂಸದರು, ಶಿಶಿರ್ ಅಧಿಕಾರಿ ಮತ್ತು ಮಗ ದಿಬ್ಯೇಂದು, ಹೋಗಿ ಮತ ಹಾಕಿದರು. ಅವರು ಹೋದದ್ದು ಅವತ್ತೇ ಸುದ್ದಿಯಾಯಿತು. ಗುಟ್ಟಿನ ಮತದಾನದಲ್ಲಿ ಇನ್ನೇನು ಗುಟ್ಟು ಉಳಿಯಿತು?

ವಿಪ್ ಬೇಡ, ಮತ ಗುಟ್ಟಾಗಿರಲಿ ಅಂತ ಇಟ್ಟಿರುವುದು ಸುಮ್ಮನೆ ಅಲ್ಲ. ಅದರ ಬೆಲೆ ಏನು ಅಂತ ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. 2012ರ ಜುಲೈ 19. ರಾಜ್ಯದಲ್ಲಿ ಬಿಜೆಪಿ ಸರ್ಕಾರ, ಜಗದೀಶ ಶೆಟ್ಟರ್ ಮುಖ್ಯಮಂತ್ರಿಯಾಗಿ ಒಂದು ವಾರವಾಗಿತ್ತು. ಬಿಜೆಪಿ ಸಂಗ್ಮಾ ಪರ. ಎಣಿಸಿದಾಗ ನಮ್ಮ ರಾಜ್ಯದ ಶಾಸಕರಿಂದ ಪ್ರಣಬ್ ಅವರಿಗೆ 117 ಮತ, ಸಂಗ್ಮಾ ಅವರಿಗೆ 103! ಕಾಂಗ್ರೆಸ್, ಜೆಡಿಎಸ್ ಸೇರಿಸಿದರೂ ಅಷ್ಟು ಆಗುತ್ತಿರಲಿಲ್ಲ, ಆಡಳಿತ ಪಕ್ಷದವರೇ ಒಂದಷ್ಟು ಜನ ಅಡ್ಡಮತ ಹಾಕಿದ್ದರು. ಅವರ ಕಾರಣ ಒಳ್ಳೆಯದಿತ್ತೋ, ಪಕ್ಷದೊಳಗಿನ ಸಿಟ್ಟಿತ್ತೋ, ಅದು ಬೇರೆ ವಿಷಯ. ಆದರೆ ಅವರು ತಮಗೆ ಬೇಕಾದಂತೆ ಮತ ಹಾಕಿ ಹೊರಬರಲು ಸಾಧ್ಯವಾಯಿತು. ಅವತ್ತು ಪಕ್ಷ ಎಲ್ಲರೂ ಮನೆಯಲ್ಲಿರಿ ಅಂದಿದ್ದರೆ ಅವರಲ್ಲಿ ಒಬ್ಬರಾದರೂ ವಿಧಾನಸೌಧದ ಮೆಟ್ಟಿಲು ಹತ್ತುತ್ತಿದ್ದರಾ? ನನಗೆ ಅನುಮಾನ.

1969ರ ಕತೆ ಇನ್ನೂ ದೊಡ್ಡದು. ಜಾಕಿರ್ ಹುಸೇನ್ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡರು. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ನಾಯಕರು ನೀಲಂ ಸಂಜೀವ ರೆಡ್ಡಿ ಅವರನ್ನು ಅಭ್ಯರ್ಥಿ ಮಾಡಿದರು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಅವರಿಗೆ ಆ ಹೆಸರು ಹಿಡಿಸಲಿಲ್ಲ. ವಿಪ್ ಕೊಡಿ ಅಂತ ನಿಜಲಿಂಗಪ್ಪ ಕೇಳಿದರು, ಇಂದಿರಾ ಕೊಡಲಿಲ್ಲ, ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ಸ್ವತಂತ್ರರಾಗಿ ನಿಂತಿದ್ದ ವಿ.ವಿ. ಗಿರಿ 4,20,077 ಮತಮೌಲ್ಯ (ಒಬ್ಬೊಬ್ಬ ಶಾಸಕ, ಸಂಸದರ ಮತಕ್ಕಿರುವ ತೂಕದ ಮೊತ್ತ) ಪಡೆದು ಗೆದ್ದರು, ರೆಡ್ಡಿ ಅವರಿಗೆ ಸಿಕ್ಕಿದ್ದು 4,05,427. ಅದೂ ಎರಡನೇ ಆಯ್ಕೆಯ ಮತ ಎಣಿಸಿದ ಮೇಲೆ. ಅಂತರ ಬರೀ 14,650. ಇಂದಿರಾ ಮಾಡಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಪಕ್ಷ ಆಮೇಲೆ ಒಡೆದೇ ಹೋಯಿತು. ಆದರೆ ಅಭ್ಯರ್ಥಿ ಇಷ್ಟವಿಲ್ಲದಾಗ ಅವರು ತಮ್ಮವರಿಗೆ ಮನೆಯಲ್ಲಿ ಕೂರಿ ಅನ್ನಲಿಲ್ಲ. ಹೋಗಿ ಆರಿಸಿ ಅಂದರು.

ಇನ್ನು ಲೆಕ್ಕ. ದೂರ ಉಳಿದವರು ಯಾರ ಕಡೆಯೂ ಇಲ್ಲ ಅಂತ ಹೇಳಿಕೊಳ್ಳುತ್ತಾರೆ. ಗೆಲ್ಲಲು ಬೇಕಾದದ್ದು ಚಲಾವಣೆಯಾದ ಸಿಂಧು ಮತದ ಅರ್ಧಕ್ಕಿಂತ ಜಾಸ್ತಿ, ಒಟ್ಟು ಮತದಾರರ ಅರ್ಧ ಅಲ್ಲ. ನೂರು ಮತ ಇದ್ದರೆ 51 ಬೇಕು. ಹತ್ತು ಮತ ಮನೆಯಲ್ಲಿ ಉಳಿದರೆ 46 ಸಾಕು. ಮುಂದಿರುವವರ ದಾರಿಯನ್ನು ಗುಡಿಸಿ ಸ್ವಚ್ಛ ಮಾಡಿಕೊಟ್ಟ ಹಾಗಾಯಿತು, ಇದರಲ್ಲಿ ತಟಸ್ಥ ಅನ್ನುವುದು ಎಲ್ಲಿದೆ? 2022ರ ಆ ಉಪರಾಷ್ಟ್ರಪತಿ ಚುನಾವಣೆಯಲ್ಲಿ ನಮ್ಮ ಮಾರ್ಗರೆಟ್ ಆಳ್ವ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿದ್ದರು. ಉತ್ತರ ಕನ್ನಡದ ಸಂಸದೆಯಾಗಿದ್ದವರು, ಮಂಗಳೂರಿನವರು. ತಮ್ಮನ್ನು ಕೇಳದೆ ಹೆಸರು ಆರಿಸಿದರು ಅಂತ ತೃಣಮೂಲ ಬರಲಿಲ್ಲ. ಬಿಜೆಪಿ ಕೂಟದ ಜಗದೀಪ್ ಧನಕರ್ ಅವರಿಗೆ 528, ಆಳ್ವ ಅವರಿಗೆ 182. ತೃಣಮೂಲ ಬಂದಿದ್ದರೂ ಆಳ್ವ ಗೆಲ್ಲುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಹೆಸರು ಆರಿಸಿದ ರೀತಿಯ ಮೇಲಿನ ಕೋಪಕ್ಕೆ ಅಭ್ಯರ್ಥಿ ಯಾಕೆ ಬೆಲೆ ತೆರಬೇಕು?

ನೂರು ಸಹಿಯ ಮಾತು ಬಂತು. ಒಂದೊಂದೇ ಸಣ್ಣ ಪಕ್ಷಕ್ಕೆ ಅದು ಕಷ್ಟ, ನಿಯಮ ಬದಲಾಗಲಿ ಅಂತ ಕೇಳುವುದಾದರೆ ನಾನೂ ಜೊತೆಗಿದ್ದೇನೆ. ಆದರೆ 2012ರಲ್ಲಿ ದೂರ ಉಳಿದ ನಾಲ್ಕೂ ಪಕ್ಷ ಒಟ್ಟಾಗಿದ್ದರೆ ನೂರು ಸಹಿ ಸಿಗುತ್ತಿತ್ತು. ತೆಲಂಗಾಣದ ವಿಷಯದಲ್ಲಿ ತೆಲುಗುದೇಶಂ, ಟಿಆರ್‌ಎಸ್ ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ, ಅದು ಅವರ ಜಗಳ. 2002ರಲ್ಲಿ ಎಡಪಕ್ಷಗಳು ಏನು ಮಾಡಿದವು ನೆನಪಿದೆಯಾ? ಅಬ್ದುಲ್ ಕಲಾಂ ಗೆಲ್ಲುವುದು ಊರಿಗೇ ಗೊತ್ತಿತ್ತು. ಕಾಂಗ್ರೆಸ್ಸೂ ಅವರ ಕಡೆಯೇ. ಆದರೂ ಆಜಾದ್ ಹಿಂದ್ ಫೌಜಿನ ಕ್ಯಾಪ್ಟನ್ ಲಕ್ಷ್ಮಿ ಸೆಹಗಲ್ ಅವರನ್ನು ನಿಲ್ಲಿಸಿದರು. ಕಲಾಂ ಅವರ 9,22,884ರ ಎದುರು ಅವರಿಗೆ ಬಿದ್ದದ್ದು 1,07,366. ಸೋತರು, ಆದರೆ ಬೇಡ ಅನ್ನುವ ಮಾತು ಒಂದು ಹೆಸರಿನ ಜೊತೆ, ಒಂದು ಅಂಕಿಯ ಜೊತೆ ದಾಖಲೆಯಲ್ಲಿ ಇವತ್ತಿಗೂ ಇದೆ.

ಕರ್ನಾಟಕದ ಒಬ್ಬ ಶಾಸಕರ ಮತಮೌಲ್ಯ 131. 1971ರ ಜನಗಣತಿಯ ಲೆಕ್ಕದಲ್ಲಿ ಸಾವಿರ ಜನಕ್ಕೆ ಒಂದರಂತೆ ಬಂದ ಸಂಖ್ಯೆ ಅದು. ಅಂದರೆ ಆ ಪೆನ್ನು ಹಿಡಿದ ಕೈಯ ಹಿಂದೆ ಸುಮಾರು 1.31 ಲಕ್ಷ ಜನ ನಿಂತಿದ್ದಾರೆ. ರಾಷ್ಟ್ರಪತಿ ಆಯ್ಕೆಯಲ್ಲಿ ನಮಗೆ ನೇರ ಮತ ಇಲ್ಲ, ನಮ್ಮ ಪಾಲಿನದನ್ನು ಶಾಸಕರ ಕೈಗೆ ಕೊಟ್ಟಿದ್ದೇವೆ. 2027ರಲ್ಲಿ ನಿಮ್ಮ ಶಾಸಕರ ಪಕ್ಷ ಹೊರಗುಳಿಯುತ್ತೇವೆ ಅಂತ ಹೇಳಿದರೆ, ಅವರು ಊರಿಗೆ ಬಂದಾಗ ನಿಲ್ಲಿಸಿ ಕೇಳಿ: ನಮ್ಮ 131 ಎಲ್ಲಿ ಹೋಯಿತು ಸಾರ್?