ಕೊಂಡ ಕ್ರಿಪ್ಟೊ ಎಲ್ಲಿರಬೇಕು: ಎಕ್ಸ್‌ಚೇಂಜ್‌ನಲ್ಲೋ, ಸ್ವಂತ ವ್ಯಾಲೆಟ್‌ನಲ್ಲೋ?

ಪರ: ಕೀಲಿ ಕೊಂಡವರ ಕೈಯಲ್ಲೇ ಇರಲಿ

ಎಕ್ಸ್‌ಚೇಂಜ್ ಎಂದರೆ ಕ್ರಿಪ್ಟೊ ಕೊಳ್ಳಲು, ಮಾರಲು ನೆರವಾಗುವ ಕಂಪನಿ. ವ್ಯಾಲೆಟ್ ಎಂದರೆ ಆ ಕ್ರಿಪ್ಟೊವನ್ನು ಸಾಗಿಸಲು ಬೇಕಾದ ಗುಪ್ತ ಸಂಕೇತವನ್ನು, ಅಂದರೆ ಕೀಲಿಯನ್ನು, ಇಡುವ ಆ್ಯಪ್ ಅಥವಾ ಸಾಧನ. ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಪ್ರಕರಣದ ಬಗ್ಗೆ ಮಾತಾಡುವಾಗ ಒಂದು ಅಂಶ ಪಕ್ಕಕ್ಕೆ ಸರಿದುಬಿಡುತ್ತದೆ. 2024ರ ಜುಲೈ 18ರಂದು ಅಲ್ಲಿ ಕಳುವಾದದ್ದು ಇಥೀರಿಯಂ ಜಾಲದ ಮೇಲಿದ್ದ ಆಸ್ತಿ: ಶಿಬಾ ಇನು, ಈಥರ್, ಪೆಪೆ ಇತ್ಯಾದಿ, ಒಟ್ಟು ಸುಮಾರು 23 ಕೋಟಿ ಡಾಲರ್‌ನಷ್ಟು. ಬಿಟ್‌ಕಾಯಿನ್ ಆ ವ್ಯಾಲೆಟ್‌ನಲ್ಲಿ ಇರಲೇ ಇಲ್ಲ. ಆದರೂ ಬರೀ ಬಿಟ್‌ಕಾಯಿನ್ ಕೊಂಡು ತಮ್ಮ ಪಾಡಿಗೆ ತಾವಿದ್ದ ಗ್ರಾಹಕರ ಖಾತೆಗೂ ಬೀಗ ಬಿತ್ತು. ಕಂಪನಿ ಸಿಂಗಪುರದ ಹೈಕೋರ್ಟಿಗೆ ಹೋಯಿತು, ಗ್ರಾಹಕರು ‘ಸಾಲ ಕೊಟ್ಟವರು’ ಎಂಬ ಪಟ್ಟಿಗೆ ಸೇರಿದರು. ವಹಿವಾಟು ಮತ್ತೆ ಶುರುವಾದದ್ದು 2025ರ ಅಕ್ಟೋಬರ್‌ನಲ್ಲಿ. ಆಗಲೂ ಪೂರ್ತಿ ಬಾಕಿ ಒಟ್ಟಿಗೆ ಕೈಸೇರಲಿಲ್ಲ, ಉಳಿದದ್ದಕ್ಕೆ ರಿಕವರಿ ಟೋಕನ್ ಎಂಬ ಭರವಸೆ. ನಷ್ಟವನ್ನು ಎಲ್ಲರಿಗೂ ಹಂಚಿದ್ದರಿಂದ ಯಾರದೋ ಶಿಬಾ ಕಳುವಾದದ್ದಕ್ಕೆ ಇನ್ಯಾರದೋ ಬಿಟ್‌ಕಾಯಿನ್ ಕರಗಿತು.

ಆ ವ್ಯಾಲೆಟ್ ನಿರ್ಲಕ್ಷ್ಯದಿಂದ ಇಟ್ಟದ್ದೇನೂ ಆಗಿರಲಿಲ್ಲ. ಆರು ಸಹಿದಾರರ ಪೈಕಿ ನಾಲ್ವರ ಸಹಿ ಬೇಕಿತ್ತು. ಅದರಲ್ಲಿ ಒಂದು ಕ್ರಿಪ್ಟೊ ಕಾಯುವ ಹೊರಗಿನ (ಕಸ್ಟಡಿ) ಸಂಸ್ಥೆಯದು. ಹಾರ್ಡ್‌ವೇರ್ ಸಾಧನಗಳಿದ್ದವು, ಹಣ ಕಳಿಸಬಹುದಾದ ವಿಳಾಸಗಳ ಮೊದಲೇ ಒಪ್ಪಿದ ಪಟ್ಟಿ (ವೈಟ್‌ಲಿಸ್ಟ್) ಇತ್ತು. ಇಷ್ಟಿದ್ದೂ ಹೋಯಿತು. 2025ರ ಫೆಬ್ರುವರಿಯಲ್ಲಿ ಬೈಬಿಟ್ ಎಂಬ ಎಕ್ಸ್‌ಚೇಂಜ್‌ನ ಕೋಲ್ಡ್ ವ್ಯಾಲೆಟ್‌ನಿಂದ (ಇಂಟರ್‌ನೆಟ್‌ನಿಂದ ದೂರವಿಟ್ಟ ವ್ಯಾಲೆಟ್) ಸುಮಾರು 150 ಕೋಟಿ ಡಾಲರ್ ಹೋದದ್ದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ: ಪರದೆಯ ಮೇಲೆ ಕಂಡ ವಹಿವಾಟು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಲಕ್ಷಾಂತರ ಜನರ ಹಣ ಒಂದೇ ಕಡೆ ಗುಡ್ಡೆ ಬಿದ್ದಿರುವವರೆಗೆ ಕಳ್ಳರ ಕಣ್ಣೂ ಅಲ್ಲೇ ಇರುತ್ತದೆ. ಬ್ಯಾಂಕ್ ಮುಳುಗಿದರೆ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಎಕ್ಸ್‌ಚೇಂಜ್ ಬಾಕಿಗೆ ಅಂಥ ಕಾನೂನುಬದ್ಧ ವಿಮೆ ಯಾವುದೂ ಇಲ್ಲ. ‘ಪ್ರೂಫ್ ಆಫ್ ರಿಸರ್ವ್ಸ್’ ವರದಿಯೂ ಆ ದಿನ ಕಂಪನಿಯ ಬಳಿ ಎಷ್ಟಿತ್ತು ಎಂದು ತೋರಿಸಬಹುದು. ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕಿದೆ ಎಂಬುದರ ಪೂರ್ತಿ ಲೆಕ್ಕ ಅದರಲ್ಲಿ ಸಿಗುವುದು ಅಪರೂಪ.

ಹಳೆಯ ಉದಾಹರಣೆಗಳಿಗೂ ಬರವಿಲ್ಲ. ದೆಹಲಿಯ ಕಾಯಿನ್‌ಸೆಕ್ಯೂರ್ ಎಕ್ಸ್‌ಚೇಂಜ್‌ನಿಂದ 2018ರ ಏಪ್ರಿಲ್‌ನಲ್ಲಿ 438 ಬಿಟ್‌ಕಾಯಿನ್ ಹೋದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಮುಖ್ಯಸ್ಥ ಜೈಪುರದಲ್ಲಿ ತೀರಿಕೊಂಡಾಗ, ಕೀಲಿಗಳು ಅವರೊಂದಿಗೇ ಹೋದವು ಎಂದು ಮೊದಲು ನಂಬಿಸಲಾಯಿತು. ತನಿಖೆಯಾದಾಗ ಕೋಲ್ಡ್ ವ್ಯಾಲೆಟ್‌ಗಳು ಮೊದಲೇ ಖಾಲಿಯಾಗಿದ್ದವು.

‘ಅಷ್ಟೆಲ್ಲ ತಾಂತ್ರಿಕತೆ ನಮ್ಮಿಂದಾಗದು’ ಎನ್ನುವವರು ಕೆಲಸವನ್ನು ಒಮ್ಮೆ ಬಿಡಿಸಿ ನೋಡಬೇಕು. ಒಂದು ಸಂಜೆಗೆ ಮುಗಿಯುವ ಕೆಲಸ ಅದು, ಅವಸರ ಮಾಡದಿದ್ದರೆ.

ಹಾರ್ಡ್‌ವೇರ್ ವ್ಯಾಲೆಟ್ಟನ್ನು (ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಪುಟ್ಟ ಸಾಧನ) ತಯಾರಕರಿಂದ ಅಥವಾ ಅವರೇ ಹೆಸರಿಸಿದ ಮಾರಾಟಗಾರರಿಂದ ಕೊಳ್ಳಿ. ಡಬ್ಬಿಯೊಳಗೆ ಮೊದಲೇ ಸೀಡ್ ಪದಗಳನ್ನು (ಸಾಧನ ಕೆಟ್ಟರೂ ಕೀಲಿಯನ್ನು ಮರಳಿ ಪಡೆಯಲು ಬೇಕಾದ ಪದಗಳು) ಬರೆದಿಟ್ಟ ಚೀಟಿ ಸಿಕ್ಕರೆ ಅದು ವಂಚನೆ, ಬಳಸಲೇಬೇಡಿ. ಪದಗಳು ನಿಮ್ಮ ಕಣ್ಣೆದುರೇ ಸಾಧನದ ಪುಟ್ಟ ಪರದೆಯ ಮೇಲೆ ಹುಟ್ಟಬೇಕು. 2,048 ಇಂಗ್ಲಿಷ್ ಪದಗಳ ನಿಗದಿತ ಪಟ್ಟಿಯಿಂದ ಆರಿಸಿದ 12 ಅಥವಾ 24 ಪದಗಳು ಅವು. ಪಟ್ಟಿಯ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರವೂ ಒಂದೇ ಆಗಿರುವುದಿಲ್ಲ, ಹಾಗಾಗಿ ಬರಹ ಸ್ವಲ್ಪ ಗೀಚಿದಂತಿದ್ದರೂ ಓದಿಕೊಳ್ಳಬಹುದು. ಕೊನೆಯ ಪದದಲ್ಲಿ ತಾಳೆ ನೋಡುವ ಅಂಶ ಅಡಗಿರುವುದರಿಂದ ಒಂದು ಪದ ತಪ್ಪಿದರೂ ಸಾಧನ ಬಹುತೇಕ ಸಂದರ್ಭದಲ್ಲಿ ಒಪ್ಪುವುದಿಲ್ಲ. ಕಾಗದದ ಮೇಲೆ ಎರಡು ಪ್ರತಿ ಬರೆದು ಎರಡು ಬೇರೆ ಜಾಗಗಳಲ್ಲಿ ಇಡಿ. ಫೋಟೊ ಬೇಡ, ಗೂಗಲ್ ಡ್ರೈವ್ ಬೇಡ, ನಿಮಗೆ ನೀವೇ ವಾಟ್ಸ್‌ಆ್ಯಪ್ ಕಳಿಸಿಕೊಳ್ಳುವುದಂತೂ ಬೇಡವೇ ಬೇಡ.

ಇಲ್ಲಿ ಬಹುಮಂದಿ ಬಿಟ್ಟುಬಿಡುವ ಹಂತವೊಂದಿದೆ, ನನ್ನ ಲೆಕ್ಕದಲ್ಲಿ ಅದೇ ಮುಖ್ಯ. ಹಣ ಕಳಿಸುವ ಮೊದಲೇ ಸಾಧನವನ್ನು ಅಳಿಸಿ, ಕಾಗದ ನೋಡಿಕೊಂಡು ಮರುಸ್ಥಾಪಿಸಿ. ಲೆಡ್ಜರ್ ಕಂಪನಿಯ ಸಾಧನದಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿದರೆ ತಾನೇ ಅಳಿಯುತ್ತದೆ. ಮರುಸ್ಥಾಪಿಸಿದ ಮೇಲೆ ಮೊದಲಿನ ವಿಳಾಸವೇ ಬಂದರೆ ಕಾಗದ ಸರಿಯಿದೆ. ಬರದಿದ್ದರೆ ನಷ್ಟ ಸೊನ್ನೆ, ಮತ್ತೆ ಶುರು ಮಾಡಿದರಾಯಿತು.

ಆಮೇಲೆ ವಿಳಾಸ, ಕ್ರಿಪ್ಟೊ ಬಂದು ಸೇರುವ ಖಾತೆ ಸಂಖ್ಯೆಯಂಥದ್ದು. ಬಿಟ್‌ಕಾಯಿನ್‌ಗೆ ‘ಬಿಸಿ1ಕ್ಯೂ’ (bc1q) ಎಂದು ಶುರುವಾಗುವ ನೇಟಿವ್ ಸೆಗ್‌ವಿಟ್ ವಿಳಾಸ ತೆಗೆದುಕೊಳ್ಳಿ, ಮುಂದೆ ಕಳಿಸುವಾಗ ಶುಲ್ಕ ಕಡಿಮೆ. ಕಂಪ್ಯೂಟರ್ ಪರದೆಯ ವಿಳಾಸವನ್ನಲ್ಲ, ಸಾಧನದ ಪರದೆಯ ವಿಳಾಸವನ್ನು ನಂಬಿ. ಕಾಪಿ ಮಾಡಿದ್ದನ್ನು ಅಂಟಿಸುವ ಹೊತ್ತಿಗೆ ಬದಲಿಸುವ ಮಾಲ್‌ವೇರ್ ಹಳೆಯ ಕಾಯಿಲೆ. ಎಕ್ಸ್‌ಚೇಂಜ್‌ನಲ್ಲಿ ಆ ವಿಳಾಸವನ್ನು ಸೇರಿಸಿ, ಒಟಿಪಿ ಕೊಟ್ಟು, ‘ಇದು ನನ್ನದೇ ವ್ಯಾಲೆಟ್’ ಎಂಬ ಘೋಷಣೆ ತುಂಬಬೇಕಾಗುತ್ತದೆ. ಹೊಸ ವಿಳಾಸಕ್ಕೆ ಒಂದು ದಿನ ತಡೆ ಹಾಕುವ ಎಕ್ಸ್‌ಚೇಂಜ್‌ಗಳೂ ಇವೆ, ಅದು ಒಳ್ಳೆಯದೇ. ಕೆಲವು ಆ್ಯಪ್‌ಗಳು ಕಾಯಿನ್ ಹೊರಗೆ ಕಳಿಸಲು ಬಿಡುವುದೇ ಇಲ್ಲ. ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ. ನೆಟ್‌ವರ್ಕ್ ಪಟ್ಟಿಯಲ್ಲಿ ‘ಬಿಟ್‌ಕಾಯಿನ್’ ಎಂದೇ ಇರುವುದನ್ನು ಆರಿಸಿ. ಅಗ್ಗವೆಂದು ಬಿಎನ್‌ಬಿ ಎಂಬ ಬೇರೆ ಜಾಲ ಆರಿಸಿದರೆ ಬರುವುದು ಬಿಟ್‌ಕಾಯಿನ್ ಅಲ್ಲ, ಅದರ ಹೆಸರಿನ ಟೋಕನ್. ಮೊದಲು ಕನಿಷ್ಠ ಮೊತ್ತ ಕಳಿಸಿ, ಒಂದೆರಡು ಬ್ಲಾಕ್ ದೃಢೀಕರಣವಾದ ಮೇಲೆ (ಎಂದರೆ ವಹಿವಾಟು ಜಾಲದ ದಾಖಲೆಗೆ ಸೇರಿದ ಮೇಲೆ; ಒಂದಕ್ಕೆ ಸರಾಸರಿ 10 ನಿಮಿಷ) ಉಳಿದದ್ದನ್ನು.

ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕೊಳ್ಳುವವರು ತಿಂಗಳಿಗೊಮ್ಮೆ ಸಾಗಿಸಬಾರದು. ಬಿಟ್‌ಕಾಯಿನ್‌ನಲ್ಲಿ ಬಂದ ಪ್ರತಿ ಮೊತ್ತವೂ ಬೇರೆ ತುಂಡಾಗಿಯೇ ಉಳಿಯುತ್ತದೆ. ಮುಂದೆ ಖರ್ಚು ಮಾಡುವಾಗ ಒಂದೊಂದು ತುಂಡಿಗೂ ಸುಮಾರು 68 ವರ್ಚುವಲ್ ಬೈಟ್ ಜಾಗ ಬೇಕು, ಶುಲ್ಕ ಬೀಳುವುದು ಆ ಜಾಗಕ್ಕೆ. 20 ತುಂಡು ಸೇರಿಸಿ ಕಳಿಸಿದರೆ ಅವಕ್ಕೇ 1,360 ಬೈಟ್. ಬೈಟ್‌ಗೆ 50 ಸತೋಷಿ (ಬಿಟ್‌ಕಾಯಿನ್‌ನ ಅತಿ ಸಣ್ಣ ಘಟಕ) ದರವಿದ್ದ ದಿನ 68,000 ಸತೋಷಿ, ಎಂದರೆ 0.00068 ಬಿಟ್‌ಕಾಯಿನ್, ಬರೀ ಶುಲ್ಕಕ್ಕೆ. 2024ರ ಏಪ್ರಿಲ್ 20ರ ಹಾಲ್ವಿಂಗ್ ದಿನ (ಹೊಸ ಬಿಟ್‌ಕಾಯಿನ್ ಹುಟ್ಟುವ ಪ್ರಮಾಣ ಅರ್ಧಕ್ಕಿಳಿದ ದಿನ) ಸರಾಸರಿ ಶುಲ್ಕವೇ ನೂರು ಡಾಲರ್ ದಾಟಿತ್ತು. ಮೂರೋ ಆರೋ ತಿಂಗಳಿಗೊಮ್ಮೆ ಒಟ್ಟು ಮಾಡಿ ಸಾಗಿಸಿ. ಎಕ್ಸ್‌ಚೇಂಜ್‌ನ ವಿತ್‌ಡ್ರಾ ಶುಲ್ಕ ಸಾಮಾನ್ಯವಾಗಿ ಮೊತ್ತ ನೋಡದೆ ಒಂದೇ ಆಗಿರುವುದರಿಂದ ಅಲ್ಲೂ ಉಳಿತಾಯ. ಸ್ವಂತ ವ್ಯಾಲೆಟ್‌ಗೆ ಸಾಗಿಸುವುದು ಮಾರಾಟವಲ್ಲ, ಅದಕ್ಕೆ ತೆರಿಗೆಯೂ ಬೀಳುವುದಿಲ್ಲ.

ವಿರೋಧ: ಬಹುಪಾಲು ಜನರಿಗೆ ಎಕ್ಸ್‌ಚೇಂಜೇ ವಾಸಿ

‘ಕೀಲಿ ನಿಮ್ಮದಲ್ಲದಿದ್ದರೆ ಕಾಯಿನ್ನೂ ನಿಮ್ಮದಲ್ಲ’ ಎಂಬ ಘೋಷಣೆ ಕೇಳಲು ಚೆನ್ನ. ಕೀಲಿ ನಿಮ್ಮದಾಗಿದ್ದೂ ಕಾಯಿನ್ ಕೈತಪ್ಪುವುದು ಹೇಗೆಂದು ಆ ಘೋಷಣೆ ಹೇಳುವುದಿಲ್ಲ. ವೇಲ್ಸ್‌ನ ನ್ಯೂಪೋರ್ಟ್ ಊರಿನ ಕಸದ ರಾಶಿಯಲ್ಲಿ ಸುಮಾರು 8,000 ಬಿಟ್‌ಕಾಯಿನ್‌ನ ಕೀಲಿಯಿದ್ದ ಹಾರ್ಡ್ ಡಿಸ್ಕ್ 2013ರಿಂದ ಹೂತುಹೋಗಿದೆ. ಇಟ್ಟುಕೊಂಡವರು ಕಂಪ್ಯೂಟರ್ ಬಲ್ಲವರೇ.

ಎಕ್ಸ್‌ಚೇಂಜ್ ಕಳ್ಳತನ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಮನೆಯಲ್ಲಿ ಕಳೆದುಕೊಂಡದ್ದು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಹಾರ್ಡ್‌ವೇರ್ ಸಾಧನದ ಬೆಲೆ ಸಾವಿರಾರು ರೂಪಾಯಿ. ಇಪ್ಪತ್ತು ಮೂವತ್ತು ಸಾವಿರದ ಕ್ರಿಪ್ಟೊ ಇಟ್ಟವರು ಅದನ್ನು ಕೊಳ್ಳುವುದಿಲ್ಲ. ಫೋನಿಗೆ ಒಂದು ಉಚಿತ ವ್ಯಾಲೆಟ್ ಆ್ಯಪ್ ಹಾಕಿಕೊಳ್ಳುತ್ತಾರೆ. ಅಂಥ ಆ್ಯಪ್‌ಗಳ ಚರಿತ್ರೆ ನೋಡಿ. 2022ರ ಆಗಸ್ಟ್‌ನಲ್ಲಿ ಸೊಲಾನಾ ಜಾಲದ ಸ್ಲೋಪ್ ವ್ಯಾಲೆಟ್ ಬಳಕೆದಾರರ ಸೀಡ್ ಪದಗಳನ್ನು ತನ್ನ ಸರ್ವರ್‌ನ ದಾಖಲೆಗೆ ಕಳಿಸುತ್ತಿದ್ದದ್ದು ಬಯಲಾಯಿತು, ಸಾವಿರಾರು ವ್ಯಾಲೆಟ್ ಬರಿದಾದವು. 2023ರ ಜೂನ್‌ನಲ್ಲಿ ಅಟಾಮಿಕ್ ವ್ಯಾಲೆಟ್ ಸರದಿ. ಅವರೆಲ್ಲ ‘ಕೀಲಿ ತಮ್ಮ ಬಳಿಯೇ ಇದ್ದ’ ಜನ. ಅಲ್ಲಿ ನಷ್ಟ ಹಂಚಿಕೊಳ್ಳುವವರಿಲ್ಲ, ದಾವೆ ಹೂಡಿ ಗೆಲ್ಲುವುದೂ ಸುಲಭವಲ್ಲ.

ಸಾಗಿಸುವ ದಾರಿಯಲ್ಲೂ ಗುಂಡಿಗಳಿವೆ. ಟ್ರಾನ್ ಜಾಲದ ಯುಎಸ್‌ಡಿಟಿಯನ್ನು (ಡಾಲರ್ ಬೆಲೆಗೆ ಕಟ್ಟಿದ ಕಾಯಿನ್) ವ್ಯಾಲೆಟ್‌ಗೆ ತಂದುಕೊಂಡು, ಬೇಕಾದಾಗ ವಾಪಸ್ ಕಳಿಸಲು ಹೋದರೆ ಶುಲ್ಕಕ್ಕೆ ಆ ಜಾಲದ ಸ್ವಂತ ಕಾಯಿನ್ ಟಿಆರ್‌ಎಕ್ಸ್ ಬೇಕು ಎನ್ನುತ್ತದೆ. ವ್ಯಾಲೆಟ್‌ನಲ್ಲಿ ಯುಎಸ್‌ಡಿಟಿ ಬಿಟ್ಟರೆ ಬೇರೇನಿಲ್ಲ. ಇಥೀರಿಯಂ ಜಾಲವಾದರೆ ಈಥರ್ ಬೇಕು. ಇಥೀರಿಯಂ ಬದಲು ಬಿಎನ್‌ಬಿ ಜಾಲದಲ್ಲಿ ಸ್ವಂತ ವ್ಯಾಲೆಟ್‌ಗೆ ಕಳಿಸಿಬಿಟ್ಟರೆ ಹಣ ಹೋಗುವುದಿಲ್ಲ, ವಿಳಾಸ ಎರಡರಲ್ಲೂ ಒಂದೇ. ಆ ಜಾಲವನ್ನು ವ್ಯಾಲೆಟ್‌ಗೆ ಸೇರಿಸಿ ಒಂದಿಷ್ಟು ಬಿಎನ್‌ಬಿ ತಂದರೆ ಬಿಡಿಸಿಕೊಳ್ಳಬಹುದು. ಆದರೆ ಅದೇ ತಪ್ಪನ್ನು ಎಕ್ಸ್‌ಚೇಂಜ್‌ನ ಡೆಪಾಸಿಟ್ ವಿಳಾಸಕ್ಕೆ ಕಳಿಸುವಾಗ ಮಾಡಿದರೆ, ಆ ಎಕ್ಸ್‌ಚೇಂಜ್ ಆ ಜಾಲವನ್ನು ಬೆಂಬಲಿಸದಿದ್ದರೆ, ಅವರ ದಯೆಗೆ ಕಾಯಬೇಕು. ಎಕ್ಸ್‌ಆರ್‌ಪಿ ಎಂಬ ಕಾಯಿನ್ ವಾಪಸ್ ತರುವಾಗ ಡೆಸ್ಟಿನೇಶನ್ ಟ್ಯಾಗ್ ಮರೆತರೂ ಇದೇ ಪಾಡು. ಎಲ್ಲ ಗ್ರಾಹಕರಿಗೂ ವಿಳಾಸ ಒಂದೇ ಆಗಿರುವುದರಿಂದ ಯಾರ ಹಣವೆಂದು ಆ ಸಂಖ್ಯೆಯೇ ಹೇಳಬೇಕು.

ವಿಳಾಸ ತಾಳೆ ನೋಡುವುದೂ ಮಾತಿನಷ್ಟು ಸುಲಭವಲ್ಲ. ನಿಮ್ಮ ವಿಳಾಸದ ಮೊದಲ ಮತ್ತು ಕೊನೆಯ ಅಕ್ಷರಗಳಂತೆಯೇ ಇರುವ ವಿಳಾಸ ಸೃಷ್ಟಿಸಿ, ಅದರಿಂದ ಒಂದು ಪುಡಿ ವಹಿವಾಟು ಮಾಡಿ ನಿಮ್ಮ ಇತಿಹಾಸದ ಪಟ್ಟಿಯಲ್ಲಿ ಕೂರಿಸುತ್ತಾರೆ. ಮುಂದಿನ ಸಲ ಪಟ್ಟಿಯಿಂದ ಕಾಪಿ ಮಾಡಿದರೆ ಮುಗಿಯಿತು. 2024ರ ಮೇ ತಿಂಗಳಲ್ಲಿ ಒಬ್ಬರು ಹೀಗೆ 1,155 ರ‍್ಯಾಪ್ಡ್ ಬಿಟ್‌ಕಾಯಿನ್ (ಬಿಟ್‌ಕಾಯಿನ್ ಬೆಲೆಗೆ ಕಟ್ಟಿದ, ಇಥೀರಿಯಂ ಜಾಲದ ಟೋಕನ್), ಸುಮಾರು 6.8 ಕೋಟಿ ಡಾಲರ್‌ನಷ್ಟು, ಕಳಿಸಿಬಿಟ್ಟರು. ಕಳ್ಳ ಬಹುಪಾಲು ವಾಪಸ್ ಕೊಟ್ಟ. ಅಂಥ ಕಳ್ಳ ಎಲ್ಲರಿಗೂ ಸಿಗುವುದಿಲ್ಲ.

ಹಾರ್ಡ್‌ವೇರ್ ವ್ಯಾಲೆಟ್ ಕೊಂಡವರ ಹೆಸರು ವಿಳಾಸವೂ ಎಲ್ಲೋ ದಾಖಲಾಗಿರುತ್ತದೆ. ಲೆಡ್ಜರ್‌ನಿಂದ 2020ರಲ್ಲಿ ಸೋರಿದ ಪಟ್ಟಿಯಲ್ಲಿ ಸುಮಾರು 2.72 ಲಕ್ಷ ಗ್ರಾಹಕರ ಮನೆ ವಿಳಾಸ, ಫೋನ್ ನಂಬರ್ ಇದ್ದವು. ಆ ಪಟ್ಟಿ ಹಿಡಿದು ವಂಚಕರು ನಕಲಿ ಸಾಧನಗಳನ್ನೇ ಅಂಚೆಯಲ್ಲಿ ಕಳಿಸಿದರು.

ಈಗ ನಮ್ಮ ದೇಶದ್ದೇ ಆದ ತೊಡಕಿಗೆ ಬರೋಣ, ಏಕೆಂದರೆ ಕ್ರಿಪ್ಟೊ ಕೊನೆಗೆ ರೂಪಾಯಿ ಆಗಲೇಬೇಕು. ಲಾಭದ ಮೇಲೆ 30% ತೆರಿಗೆ, ಸೆಸ್ ಸೇರಿ 31.2%. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ಒಂದು ಕಾಯಿನ್‌ನ ನಷ್ಟವನ್ನು ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. 2022ರ ಜುಲೈನಿಂದ 1% ಟಿಡಿಎಸ್. ಭಾರತೀಯ ಎಕ್ಸ್‌ಚೇಂಜ್‌ನಲ್ಲಿ ಕೊಂಡು ಅಲ್ಲೇ ಮಾರಿದರೆ ಟಿಡಿಎಸ್ ಅವರೇ ಮುರಿಯುತ್ತಾರೆ, ಕೊಂಡ ಬೆಲೆ, ದಿನಾಂಕ ಎಲ್ಲ ಒಂದೇ ಹೇಳಿಕೆಯಲ್ಲಿ ಸಿಗುತ್ತದೆ. ಮಧ್ಯೆ ಸ್ವಂತ ವ್ಯಾಲೆಟ್‌ಗೆ ಹೋಗಿ ಬಂದರೆ, ಅದರಲ್ಲೂ ಬೇರೆ ಎಕ್ಸ್‌ಚೇಂಜ್‌ಗೆ ಬಂದರೆ, ಕೊಂಡ ಬೆಲೆಯ ಪುರಾವೆ ನೀವೇ ಕೊಡಬೇಕು: ಕೊಂಡ ದಿನದ ಸ್ಟೇಟ್‌ಮೆಂಟ್, ವಿತ್‌ಡ್ರಾ ಮಾಡಿದ ಟ್ರಾನ್ಸಾಕ್ಷನ್ ಹ್ಯಾಶ್ (ವಹಿವಾಟಿನ ಗುರುತು ಸಂಖ್ಯೆ), ಡೆಪಾಸಿಟ್‌ನ ಹ್ಯಾಶ್. ವ್ಯಾಲೆಟ್‌ನೊಳಗೇ ಒಂದು ಟೋಕನ್ ಕೊಟ್ಟು ಇನ್ನೊಂದು ತೆಗೆದುಕೊಂಡರೆ ಅದೂ ಮಾರಾಟವೇ. ಆ ಹೊತ್ತಿನ ರೂಪಾಯಿ ಬೆಲೆ ಬರೆದಿಟ್ಟುಕೊಳ್ಳುವವರು ಎಷ್ಟು ಜನ?

ಇನ್ನೂ ದೊಡ್ಡ ಅಪಾಯ ಪಿ2ಪಿ, ಎಂದರೆ ವ್ಯಕ್ತಿಯಿಂದ ವ್ಯಕ್ತಿಗೆ ನೇರ ಮಾರಾಟದ್ದು. ವ್ಯಾಲೆಟ್‌ನಲ್ಲಿ ಯುಎಸ್‌ಡಿಟಿ ಇದ್ದವರು ಟೆಲಿಗ್ರಾಂ ಗುಂಪಿನಲ್ಲಿ ಎರಡು ರೂಪಾಯಿ ಹೆಚ್ಚಿಗೆ ಕೊಡುವವರಿಗೆ ಮಾರುತ್ತಾರೆ. ದುಡ್ಡು ಯುಪಿಐನಲ್ಲಿ ತಕ್ಷಣ ಬರುತ್ತದೆ. ಆದರೆ ಅದು ಎಲ್ಲೋ ಸೈಬರ್ ವಂಚನೆಗೊಳಗಾದವರ ದುಡ್ಡಾಗಿದ್ದರೆ, ಅವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದ ಕೂಡಲೇ ದುಡ್ಡು ಸಾಗಿದ ಖಾತೆಗಳಿಗೆಲ್ಲ ತಡೆ ಬೀಳುತ್ತದೆ. ಮೈಸೂರಿನಲ್ಲಿ ಕೂತವರು ಬೇರೆ ರಾಜ್ಯದ ಠಾಣೆಗೆ ಉತ್ತರ ಕೊಡಬೇಕು, ಸಂಬಳದ ಖಾತೆ ತಿಂಗಳುಗಟ್ಟಲೆ ಸ್ಥಗಿತ. ಮಾರಿದ್ದು ಪ್ರಾಮಾಣಿಕವಾಗಿಯೇ ಎಂದು ಸಾಬೀತುಪಡಿಸುವ ಭಾರವೂ ಅವರದೇ.

ಎಕ್ಸ್‌ಚೇಂಜ್‌ಗಳು ಸಾಧುಗಳೆಂದು ಇದರರ್ಥವಲ್ಲ. ಆದರೆ 2023ರ ಮಾರ್ಚ್‌ನಿಂದ ಅವು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಗೆ ಬಂದಿವೆ, ಫೈನಾನ್ಷಿಯಲ್ ಇಂಟೆಲಿಜೆನ್ಸ್ ಯೂನಿಟ್‌ನಲ್ಲಿ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಕ್ಸ್‌ಚೇಂಜ್‌ನ ಒಂದು ಆಂತರಿಕ ಖಾತೆಯಿಂದ ಸುಮಾರು 4.4 ಕೋಟಿ ಡಾಲರ್ ಕಳುವಾದಾಗ, ಕಂಪನಿ ತನ್ನ ಖಜಾನೆಯಿಂದಲೇ ಭರಿಸುವುದಾಗಿ ಹೇಳಿತು, ಗ್ರಾಹಕರ ಬಾಕಿಗೆ ಕೈ ಹಚ್ಚಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕ್ರಿಪ್ಟೊ ಆಸ್ತಿಯೆಂದು, ಅದನ್ನು ಟ್ರಸ್ಟ್‌ನಂತೆ ಹಿಡಿದಿಟ್ಟುಕೊಳ್ಳಬಹುದೆಂದು ಹೇಳಿ, ಎಕ್ಸ್‌ಚೇಂಜ್‌ನಲ್ಲಿ ಹಣ ಸಿಕ್ಕಿಕೊಂಡ ಹೂಡಿಕೆದಾರರೊಬ್ಬರಿಗೆ ಮಧ್ಯಂತರ ರಕ್ಷಣೆ ಕೊಟ್ಟಿತು.

ಹಾಗಾಗಿ ಸಣ್ಣ ಹೂಡಿಕೆದಾರರು ಶ್ರಮ ಹಾಕಬೇಕಾದದ್ದು ಖಾತೆಯ ಭದ್ರತೆಗೆ. ನೋಂದಾಯಿತವಾದ ಎರಡು ಎಕ್ಸ್‌ಚೇಂಜ್‌ಗಳಲ್ಲಿ ಹಂಚಿಡಿ. ಎಸ್‌ಎಂಎಸ್ ಒಟಿಪಿ ಒಂದನ್ನೇ ನೆಚ್ಚದೆ ಫೋನಿನಲ್ಲೇ ಕೋಡ್ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿ, ಏಕೆಂದರೆ ಸಿಮ್ ನಕಲು ಮಾಡಿದವರಿಗೆ ಎಸ್‌ಎಂಎಸ್ ಸಿಗುತ್ತದೆ. ಬ್ಯಾಕಪ್ ಕೋಡ್ ಕಾಗದದ ಮೇಲಿರಲಿ, ಇಮೇಲ್‌ಗೂ ಎರಡನೇ ಬೀಗ ಇರಲಿ. ತಿಂಗಳಿಗೊಮ್ಮೆ ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ, ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಅದು ಸಿಗುವುದಿಲ್ಲ. ಹೆಚ್ಚು ಬಡ್ಡಿ ಕೊಡುತ್ತೇವೆಂದು ಕಾಯಿನ್ ಲಾಕ್ ಮಾಡಿಸುವ ಯೋಜನೆಗೆ ಒಪ್ಪಬೇಡಿ; ಆಗ ನಿಮ್ಮ ಕಾಯಿನ್ ಇನ್ನಾರದೋ ಕೈಗೆ ಸಾಲವಾಗಿ ಹೋಗಿರಬಹುದು.

ಮನೆಯವರ ವಿಷಯವೂ ಇದೆ. ಖಾತೆದಾರರು ತೀರಿಕೊಂಡರೆ ಮರಣ ಪ್ರಮಾಣಪತ್ರ, ಉತ್ತರಾಧಿಕಾರದ ದಾಖಲೆ, ವಾರಸುದಾರರ ಕೆವೈಸಿ ಹಿಡಿದು ಎಕ್ಸ್‌ಚೇಂಜ್‌ಗೆ ಅರ್ಜಿ ಹಾಕಬಹುದು. ನಿಧಾನ, ರಗಳೆ, ನಿಜ. ಆದರೆ ಕಪಾಟಿನ ಹಳೆಯ ಫೈಲಿನಲ್ಲಿ 24 ಇಂಗ್ಲಿಷ್ ಪದಗಳಿರುವ ಒಂದು ಹಾಳೆ ಸಿಕ್ಕರೆ, ಹೇಳಿಕೊಡದ ಮನೆಯವರು ಅದನ್ನು ಮಗುವಿನ ಸ್ಪೆಲಿಂಗ್ ಹೋಮ್‌ವರ್ಕ್ ಎಂದುಕೊಂಡು ರದ್ದಿಗೆ ಹಾಕಿದರೂ ಅಚ್ಚರಿಯಿಲ್ಲ.