ಮಾರ್ಷಲ್ ಆರ್ಟ್ಸ್ ಕ್ಲಾಸ್ ಸೇರುವ ಮುಂಚೆ ಒಂದು ಗಂಟೆ ಮೂಲೆಯಲ್ಲಿ ಕೂತು ನೋಡಿ

"ಮಗಳಿಗೆ ಕರಾಟೆ ಒಳ್ಳೇದಾ, ಟೇಕ್ವಾಂಡೋ ಒಳ್ಳೇದಾ?" ಇನ್‌ಬಾಕ್ಸ್‌ಗೆ ಆಗಾಗ ಬರುವ ಪ್ರಶ್ನೆ. ಕೆಲವರು ತಮಗಾಗಿಯೇ ಕೇಳುತ್ತಾರೆ. ವಯಸ್ಸು ನಲವತ್ತು ದಾಟಿದೆ, ಈಗ ಶುರು ಮಾಡಬಹುದಾ, ಮಾಡಿದರೆ ಯಾವುದು ಅಂತ. ನನ್ನ ಉತ್ತರ ಬಹಳ ಜನಕ್ಕೆ ರುಚಿಸುವುದಿಲ್ಲ. ಯಾವ ಕಲೆ ಅನ್ನೋದು ಆಮೇಲಿನ ಮಾತು. ನೀವು ವಾರಕ್ಕೆ ಎರಡು ಸಲ ತಪ್ಪದೆ ಹೋಗಿ ಬರಬಹುದಾದ ದೂರದಲ್ಲಿ ಯಾವ ಕ್ಲಾಸ್‌ಗಳಿವೆ, ಅಲ್ಲಿ ಹೊಸಬರ ಗತಿ ಏನು ಅನ್ನೋದನ್ನು ಮೊದಲು ನೋಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಜೂಡೋ ಕಲಿತ ಮನುಷ್ಯ. ಹಿಡಿದು ಎಸೆಯುವ ಕಲೆಗಳ ಮೇಲೆ ಒಲವು ಜಾಸ್ತಿ. ಅಷ್ಟನ್ನು ಕಳೆದು ಓದಿಕೊಳ್ಳಿ.

ಕಲೆಗಳ ನಡುವೆ ವ್ಯತ್ಯಾಸ ಇದ್ದೇ ಇದೆ. ಬಾಕ್ಸಿಂಗ್‌ನಲ್ಲಿ ಕೈ ಮಾತ್ರ. ಮುಯ್ ಥಾಯ್‌ನಲ್ಲಿ ಮೊಣಕೈ, ಮೊಣಕಾಲು ಎಲ್ಲ ನಡೆಯುತ್ತದೆ. ಟೇಕ್ವಾಂಡೋದಲ್ಲಿ ಕಾಲಿನದೇ ಕೆಲಸ. ಒಲಿಂಪಿಕ್ ಮಾದರಿಯ ಪಂದ್ಯದಲ್ಲಿ ತಲೆಗೆ ಒದೆಯಬಹುದು, ಮುಖಕ್ಕೆ ಗುದ್ದುವ ಹಾಗಿಲ್ಲ. ಜೂಡೋದಲ್ಲಿ ಎದುರಾಳಿಯನ್ನು ಎಸೆಯಬೇಕು. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಆಟವೆಲ್ಲ ಹೆಚ್ಚುಕಡಿಮೆ ನೆಲದ ಮೇಲೆ. ಐಕಿಡೋದಲ್ಲಿ ಬಹುತೇಕ ಕಡೆ ಪಂದ್ಯವೇ ಇಲ್ಲ, ಸೋಲು ಗೆಲುವಿನ ಲೆಕ್ಕ ಬೇಡ ಅನ್ನುವವರಿಗೆ ಅದು ಹಿಡಿಸುತ್ತದೆ.

ಆದರೆ ಬೋರ್ಡಿನ ಮೇಲಿನ ಹೆಸರಿನಿಂದ ಒಳಗೆ ಏನು ನಡೆಯುತ್ತದೆ ಅಂತ ಪೂರ್ತಿ ಗೊತ್ತಾಗುವುದಿಲ್ಲ. ಕರಾಟೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಹಲವು ಶೈಲಿಗಳಿವೆ. ಶೋಟೋಕಾನ್ ಶೈಲಿಯ ಪಂದ್ಯದಲ್ಲಿ ಏಟನ್ನು ಹತೋಟಿಯಲ್ಲಿಡಬೇಕು. ಗುದ್ದು ಗುರಿಯ ಹತ್ತಿರ ಹೋಗಿ ನಿಲ್ಲಬೇಕು. ಕ್ಯೋಕುಶಿನ್ ಶೈಲಿಯಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಆದರೆ ಎದೆ ಹೊಟ್ಟೆಗೆ ಬರಿಗೈಯಲ್ಲಿ ಪೂರ್ತಿ ಬಲ ಹಾಕಿ ಗುದ್ದುತ್ತಾರೆ. ಎರಡೂ ಕರಾಟೆಯೇ. ಒಂದಕ್ಕೆ ಅಂತ ಹೋದವರು ಇನ್ನೊಂದರಲ್ಲಿ ಸಿಕ್ಕಿಕೊಂಡರೆ ಮೊದಲ ವಾರವೇ ಗಾಬರಿ. ಒಲಿಂಪಿಕ್ಸ್‌ನಲ್ಲಿದೆಯಾ ಅಂತ ಕೇಳುವುದೂ ಉಪಯೋಗವಿಲ್ಲ. ಜೂಡೋ 1964ರಲ್ಲಿ ಬಂತು, ಟೇಕ್ವಾಂಡೋ 2000ದಲ್ಲಿ ಪದಕದ ಆಟವಾಯಿತು. ಕರಾಟೆ ಟೋಕಿಯೋದಲ್ಲಿ ಒಂದು ಸಲ ಬಂದು 2024ರ ಪ್ಯಾರಿಸ್‌ಗೆ ಹೊರಗುಳಿಯಿತು. ಅದರಿಂದ ಯಾವ ಕರಾಟೆ ಕ್ಲಾಸೂ ರಾತ್ರೋರಾತ್ರಿ ಕೆಡಲಿಲ್ಲ.

ನನಗೆ ಮುಖ್ಯ ಅನ್ನಿಸುವ ವಿಷಯ ಬೇರೆ. ಆ ಕ್ಲಾಸಿನಲ್ಲಿ ಯಾರಾದರೂ ಯಾರನ್ನಾದರೂ ನಿಜವಾಗಿ ಎದುರಿಸಿ ಸೆಣಸುತ್ತಾರಾ?

ಇದರ ಹಿಂದೆ ಒಂದು ಒಳ್ಳೆಯ ಕತೆ ಇದೆ. ಜೂಡೋ ಹುಟ್ಟುಹಾಕಿದ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದಲ್ಲಿ ಕೊಡೊಕಾನ್ ಅನ್ನುವ ತಮ್ಮ ಜೂಡೋ ಶಾಲೆ ಶುರು ಮಾಡಿದರು. ಅದಕ್ಕೂ ಮುಂಚೆ ಜುಜುತ್ಸು ಅನ್ನುವ ಜಪಾನಿನ ಹಳೆಯ ಕಾದಾಟದ ಕಲೆಯ ಗುರುಗಳ ಹತ್ತಿರ ಕಲಿತವರು ಅವರು. ಹಳೆಯ ಪಟ್ಟುಗಳಲ್ಲಿ ಬಹಳಷ್ಟು ನಿಜಕ್ಕೂ ಅಪಾಯ. ಗೆಳೆಯನ ಮೇಲೆ ಪೂರ್ತಿ ಹಾಕಿದರೆ ಗೆಳೆಯ ನಾಳೆ ಅಭ್ಯಾಸಕ್ಕೆ ಬರುವುದಿಲ್ಲ. ಕಾನೊ ಮರ್ಮಕ್ಕೆ ಹೊಡೆಯುವ ಏಟುಗಳನ್ನು ಕಟಾದಲ್ಲಿ (ಮೊದಲೇ ಗೊತ್ತು ಮಾಡಿದ ಕ್ರಮದಲ್ಲಿ ಮಾಡುವ ಅಭ್ಯಾಸ) ಉಳಿಸಿಕೊಂಡರು, ಮುಕ್ತ ಅಭ್ಯಾಸದಿಂದ ಹೊರಗಿಟ್ಟರು. ಉಳಿದದ್ದನ್ನು ದಿನವೂ ಪೂರ್ತಿ ಬಲ ಹಾಕಿ, ಬಿಡಿಸಿಕೊಳ್ಳಲು ಒದ್ದಾಡುವವರ ಮೇಲೆ ಅಭ್ಯಾಸ ಮಾಡಲು ಬಂತು. ಇದಕ್ಕೇ ರಾಂಡೋರಿ ಅನ್ನುತ್ತಾರೆ. ಕೊಲ್ಲುವ ಏಟನ್ನು ಗಾಳಿಯಲ್ಲೇ ಕಲಿತವರಿಗಿಂತ, ಕೊಲ್ಲದ ಪಟ್ಟನ್ನು ದಿನವೂ ನಿಜವಾಗಿ ಹಾಕಿದವರ ಕೈ ಪಳಗಿರುತ್ತದೆ. "ನಮ್ಮ ಪಟ್ಟುಗಳು ತುಂಬಾ ಅಪಾಯಕಾರಿ, ಹಾಗಾಗಿ ಸ್ಪಾರಿಂಗ್ (ಜೋಡಿಯಾಗಿ ಸೆಣಸುವ ಅಭ್ಯಾಸ) ಮಾಡಿಸುವುದಿಲ್ಲ" ಅನ್ನುವ ಮಾಸ್ಟರ್ ಸಿಕ್ಕರೆ ಕಾನೊ ನೆನಪಿರಲಿ.

1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಮೊದಲ ಯುಎಫ್‌ಸಿ ನಡೆಯಿತು, ಬೇರೆ ಬೇರೆ ಕಲೆಯವರು ಒಬ್ಬರ ಎದುರು ಒಬ್ಬರು ಕಾದಾಡುವ ಪಂದ್ಯಾವಳಿ ಅದು. ಬ್ರೆಜಿಲಿಯನ್ ಜಿಯು-ಜಿತ್ಸು ಕಲಿತ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದರು. ಅವರೇನು ದೈತ್ಯ ಆಸಾಮಿಯಲ್ಲ. ಜಿಯು-ಜಿತ್ಸುವೇ ಎಲ್ಲದಕ್ಕಿಂತ ಮೇಲು ಅಂತ ಜನ ಅಲ್ಲಿಗೆ ಮುಗಿಬಿದ್ದರು. ನನಗೆ ಕಾಣುವುದು ಇಷ್ಟು: ನೆಲದ ಮೇಲೆ ಒದ್ದಾಡುವವರನ್ನು ಹಿಡಿಯುವುದು ಗ್ರೇಸಿಗೆ ದಿನನಿತ್ಯದ ಕೆಲಸ. ಎದುರು ಬಂದ ಬಹುತೇಕರಿಗೆ ಅದು ಅಭ್ಯಾಸವೇ ಇರಲಿಲ್ಲ.

ಈಗ ಕ್ಲಾಸ್ ನೋಡುವ ವಿಷಯ. ಫೋನ್ ಮಾಡಿ, ಒಂದು ಕ್ಲಾಸ್ ಪೂರ್ತಿ ಕೂತು ನೋಡಬಹುದಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಅಲ್ಲಿಗೇ ಬಿಡಿ. ಒಳ್ಳೆಯ ಜಾಗದಲ್ಲಿ "ಬನ್ನಿ, ಆ ಕಡೆ ಕೂತ್ಕೊಳ್ಳಿ" ಅನ್ನುತ್ತಾರೆ. ಹೋದಾಗ ಎಲ್ಲರೂ ನೋಡುವುದು ಮುಂದಿನ ಸಾಲನ್ನು. ಅಲ್ಲಿ ಚೆನ್ನಾಗಿ ಒದೆಯುವ ಹುಡುಗರು ಇರುತ್ತಾರೆ. ಅವರನ್ನು ಬಿಡಿ, ಅವರು ಎಲ್ಲಿದ್ದರೂ ಚೆನ್ನಾಗಿಯೇ ಒದೆಯುತ್ತಾರೆ. ಹಿಂದಿನ ಸಾಲು ನೋಡಿ. ಎಡಗಾಲು ಬಲಗಾಲು ಗೊತ್ತಾಗದೆ ತಬ್ಬಿಬ್ಬಾಗಿ ನಿಂತ ಒಬ್ಬರು ಇದ್ದೇ ಇರುತ್ತಾರೆ. ಅವರ ಹತ್ತಿರ ಯಾರಾದರೂ ಬಂದರಾ? ಬಂದು ಬೈದರಾ, ನಕ್ಕರಾ, ಕಾಲು ಎಲ್ಲಿಡಬೇಕು ಅಂತ ತೋರಿಸಿ ಹೋದರಾ? ಇನ್ನೆರಡು ವಾರದಲ್ಲಿ ಆ ಜಾಗದಲ್ಲಿ ನಿಲ್ಲುವವರು ನೀವೇ.

ಜೋಡಿ ಮಾಡಿಸುವ ಹೊತ್ತಿಗೆ ಕಣ್ಣು ಚುರುಕಾಗಿರಲಿ. ದಪ್ಪ ಗಟ್ಟಿ ಹುಡುಗನನ್ನು ಸಣ್ಣ ಹುಡುಗಿಯ ಜೊತೆ ಹಾಕಿದಾಗ ಅವನು ಬಲ ಇಳಿಸುತ್ತಾನಾ? ಒಬ್ಬರು ಸೋತೆ ಅಂತ ತಟ್ಟಿದ ಕೂಡಲೇ ಇನ್ನೊಬ್ಬರು ಬಿಡುತ್ತಾರಾ, ಇಲ್ಲ ಇನ್ನೊಂದು ಕ್ಷಣ ಹಿಂಡಿ ಬಿಡುತ್ತಾರಾ? ಆ ಇನ್ನೊಂದು ಕ್ಷಣದಲ್ಲೇ ಕೀಲು ಹೋಗುವುದು. ಮಾಸ್ಟರ್ ತೋರಿಸುವಾಗ ಎದುರು ನಿಂತ ಶಿಷ್ಯನ ಮುಖ ನೋಡಿ. ತೋರಿಸುವ ನೆಪದಲ್ಲಿ ಶಿಷ್ಯನನ್ನು ನೋಯಿಸಿ ಮೆರೆಯುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಂಥ ಕಡೆ ಹಿರಿಯ ಶಿಷ್ಯರೂ ಅದನ್ನೇ ಕಲಿತು ಹೊಸಬರ ಮೇಲೆ ತೀರಿಸಿಕೊಳ್ಳುತ್ತಾರೆ.

ಕ್ಲಾಸ್ ಮುಗಿದ ಮೇಲೆ ಮಾಸ್ಟರ್ ಹತ್ತಿರ ನೇರವಾಗಿ ಕೇಳಿ. ನೀವು ಯಾರ ಹತ್ತಿರ ಕಲಿತಿರಿ? ಎಷ್ಟು ವರ್ಷ? ನಿಮ್ಮ ದರ್ಜೆ ಕೊಟ್ಟ ಸಂಸ್ಥೆ ಯಾವುದು? ಇದರಲ್ಲಿ ಅಗೌರವ ಏನಿಲ್ಲ. ನೆಟ್ಟಗೆ ಕಲಿತವರು ತಮ್ಮ ಗುರುವಿನ ಹೆಸರನ್ನು ಖುಷಿಯಿಂದ ಹೇಳುತ್ತಾರೆ. ಟೇಕ್ವಾಂಡೋ ಆದರೆ ಕೊರಿಯಾದ ಸಿಯೋಲ್‌ನಲ್ಲಿರುವ ಟೇಕ್ವಾಂಡೋ ಕೇಂದ್ರ ಕುಕ್ಕಿವೊನ್ ಕೊಟ್ಟ ಡಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಸರ್ಟಿಫಿಕೇಟ್ ಇದೆಯಾ ಅಂತ ಕೇಳಬಹುದು. ಹಾಗಂತ ಗೋಡೆ ತುಂಬ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಕಲಿಸಲು ಬರುತ್ತದೆ ಅಂತಲ್ಲ. ದೊಡ್ಡ ಚಾಂಪಿಯನ್ ಆಗಿದ್ದು ಹೊಸಬರಿಗೆ ಒಂದು ಹೆಜ್ಜೆ ಹೇಳಿಕೊಡಲು ತಾಳ್ಮೆ ಇಲ್ಲದವರೂ ಇದ್ದಾರೆ.

ಬೆಲ್ಟ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹಿರಿಯ ಶಿಷ್ಯರಿಗೆ ಕಪ್ಪು ಬೆಲ್ಟ್ ಕಟ್ಟಿಸುವ ರೂಢಿ ತಂದವರೂ ಕಾನೊ ಅವರೇ. ಹಳದಿ, ಕಿತ್ತಳೆ, ಹಸಿರು ಅಂತ ಬಣ್ಣಗಳ ಮೆಟ್ಟಿಲು ಬಂದದ್ದು ಆಮೇಲೆ, ಯುರೋಪಿನ ಜೂಡೋ ಕ್ಲಬ್‌ಗಳಲ್ಲಿ. ಮಕ್ಕಳಿಗೆ ಅದು ಖುಷಿ ಕೊಡುತ್ತದೆ, ನನಗೇನೂ ತಕರಾರಿಲ್ಲ. ತಕರಾರು ಇರುವುದು ಪ್ರತಿ ಬಣ್ಣಕ್ಕೂ ಒಂದು ಪರೀಕ್ಷೆ, ಪ್ರತಿ ಪರೀಕ್ಷೆಗೂ ಒಂದು ಫೀಸ್, ಫೇಲ್ ಆದವರು ಮಾತ್ರ ಯಾರೂ ಇಲ್ಲ ಅನ್ನುವ ಕಡೆ. "ಒಂದು ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂದರೆ ಅಲ್ಲಿ ಮಾರುತ್ತಿರುವುದು ಬಟ್ಟೆ. ಬ್ರೆಜಿಲಿಯನ್ ಜಿಯು-ಜಿತ್ಸುವಿನಲ್ಲಿ ಬ್ಲ್ಯಾಕ್ ಬೆಲ್ಟ್‌ಗೆ ಸಾಮಾನ್ಯವಾಗಿ ಹತ್ತು ವರ್ಷದ ಹತ್ತಿರ ಹಿಡಿಯುತ್ತದೆ. ಅದರ ಅಂತರರಾಷ್ಟ್ರೀಯ ಫೆಡರೇಶನ್ ನಿಯಮದಲ್ಲಿ 19 ವರ್ಷ ತುಂಬುವ ತನಕ ಕೊಡುವ ಹಾಗೇ ಇಲ್ಲ. ಕುಕ್ಕಿವೊನ್ ಕೂಡ 15 ವರ್ಷದೊಳಗಿನವರಿಗೆ ಡಾನ್ ಕೊಡುವುದಿಲ್ಲ, ಪೂಮ್ ಅಂತ ಬೇರೆ ದರ್ಜೆ ಕೊಡುತ್ತದೆ.

ಫೀಸ್ ಎಷ್ಟು ಅಂತ ಮಾತ್ರ ಕೇಳಬೇಡಿ. ಪರೀಕ್ಷೆ, ಡ್ರೆಸ್, ಪಂದ್ಯಾವಳಿ, ಕ್ಯಾಂಪ್ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕೇಳಿ. ಮಧ್ಯದಲ್ಲಿ ಬಿಟ್ಟರೆ ದುಡ್ಡು ವಾಪಸ್ ಬರುತ್ತದಾ ಅನ್ನೋದನ್ನು ಬರಹದಲ್ಲಿ ನೋಡಿ. ಮೊದಲ ದಿನವೇ ಎರಡು ವರ್ಷದ ಕರಾರಿಗೆ ಸಹಿ ಕೇಳಿದರೆ ಮನೆಗೆ ಬಂದು ಯೋಚನೆ ಮಾಡಿ. ತಿಂಗಳು ತಿಂಗಳು ಕಟ್ಟುವ ವ್ಯವಸ್ಥೆಯೇ ಹೊಸಬರಿಗೆ ವಾಸಿ.

ಆತ್ಮರಕ್ಷಣೆಗೆ ಅಂತ ಸೇರುವವರೇ ಜಾಸ್ತಿ, ಅದರಲ್ಲೂ ಹೆಣ್ಣುಮಕ್ಕಳು. ಎರಡು ದಿನದ ಶಿಬಿರದಲ್ಲಿ ಕೂಗುವುದು, ಜಾಗ ಬಿಟ್ಟು ಓಡುವುದು, ಅಪಾಯದ ಸುಳಿವು ಹಿಡಿಯುವುದು ಇಷ್ಟು ಕಲಿಯಬಹುದು, ಅದು ಸಣ್ಣ ಲಾಭ ಅಲ್ಲ. ಆದರೆ ಮಣಿಕಟ್ಟು ತಿರುಚಿ ಬಿಡಿಸಿಕೊಳ್ಳುವ ಪಟ್ಟು ಎರಡು ದಿನದಲ್ಲಿ ಮೈಗೆ ಹತ್ತುವುದಿಲ್ಲ. ಚಾಕು ಹಿಡಿದವರ ಎದುರು ಏನು ಮಾಡಬೇಕು ಅಂತ ಮಾಸ್ಟರ್‌ಗೆ ಕೇಳಿ ನೋಡಿ. "ಓಡಿ" ಅಂತ ಮೊದಲು ಹೇಳಿದರೆ ಆ ಮನುಷ್ಯನನ್ನು ನಂಬಬಹುದು.

ಮಕ್ಕಳನ್ನು ಸೇರಿಸುವವರು ಇನ್ನೂ ಸ್ವಲ್ಪ ಜಾಸ್ತಿ ನೋಡಬೇಕು. ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ಕೂರಬಹುದಾ? ಮಗುವಿನ ಜೊತೆ ದೊಡ್ಡವರು ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವ ಸಂದರ್ಭ ಬರುತ್ತದಾ? ಮೈ ಮುಟ್ಟಿ ಕಲಿಸಬೇಕಾದ ಕಲೆ ಇದು, ಹಾಗಾಗಿ ಎಲ್ಲವೂ ಎಲ್ಲರ ಕಣ್ಣೆದುರು ನಡೆಯಬೇಕು. ಚಿಕ್ಕ ಮಕ್ಕಳ ತಲೆಗೆ ಏಟು ಬೀಳುವ ಸ್ಪಾರಿಂಗ್ ನನಗೆ ಒಪ್ಪಿಗೆ ಇಲ್ಲ, ಹೆಲ್ಮೆಟ್ ಹಾಕಿದ್ದರೂ. ಹೆಲ್ಮೆಟ್ ಚರ್ಮ ಒಡೆಯುವುದನ್ನು ತಡೆಯುತ್ತದೆ, ಒಳಗೆ ಮಿದುಳು ಅಲುಗುವುದನ್ನು ಪೂರ್ತಿ ತಡೆಯುವುದಿಲ್ಲ. ಇನ್ನು ಶಿಸ್ತು. ಕೋಲಿನಲ್ಲಿ ಹೊಡೆದು ಶಿಸ್ತು ಕಲಿಸುತ್ತೇವೆ ಅನ್ನುವವರ ಹತ್ತಿರ ನನ್ನ ಪರಿಚಯದವರ ಮಕ್ಕಳನ್ನಂತೂ ನಾನು ಕಳಿಸುವುದಿಲ್ಲ. ಹೊಡೆಯುವುದನ್ನು ಹತೋಟಿಯಲ್ಲಿಡಲು ಕಲಿಸಬೇಕಾದವರೇ ಕೋಪ ಬಂದಾಗ ಹೊಡೆದರೆ ಮಗು ಯಾವುದನ್ನು ಕಲಿಯುತ್ತದೆ?

ಸರಿ, ಸೇರಿದಿರಿ. ಮೊದಲ ದಿನ ದುಬಾರಿ ಡ್ರೆಸ್, ಗ್ಲೌಸ್ ಬೇಡ. ಸಡಿಲ ಬಟ್ಟೆ ಸಾಕು. ಕೈಕಾಲಿನ ಉಗುರು ಕತ್ತರಿಸಿ. ಉಂಗುರ, ಸರ, ಓಲೆ ತೆಗೆದಿಡಿ. ಮ್ಯಾಟ್ ಅಂಚಿನ ತನಕ ಚಪ್ಪಲಿ ಹಾಕಿಕೊಂಡೇ ಹೋಗಿ. ಟಾಯ್ಲೆಟ್‌ಗೆ ಬರಿಗಾಲಲ್ಲಿ ಹೋಗಿ ಬಂದು ಮ್ಯಾಟ್ ತುಳಿಯಬೇಡಿ. ಹಿಡಿದಾಡುವ ಕಲೆಗಳಲ್ಲಿ ಹುಳುಕಡ್ಡಿ ಹರಡುವುದು ಸುಲಭ. ಮನೆಗೆ ಬಂದ ಕೂಡಲೇ ಸ್ನಾನ ಮಾಡಿ, ಡ್ರೆಸ್ ಪ್ರತಿ ಸಲ ಒಗೆಯಿರಿ. ಮೈಮೇಲೆ ಕೆಂಪಗೆ ವೃತ್ತ ಎದ್ದರೆ ವಾಸಿಯಾಗುವ ತನಕ ಕ್ಲಾಸಿಗೆ ಹೋಗಬೇಡಿ, ನಾಚಿಕೊಂಡು ಮುಚ್ಚಿಡಲೂಬೇಡಿ. ಹಳೆಯ ಮೊಣಕಾಲು ನೋವು, ಬೆನ್ನಿನ ತೊಂದರೆ, ಆಸ್ತಮಾ ಏನಿದ್ದರೂ ವಾರ್ಮ್ ಅಪ್‌ಗೆ ಮುಂಚೆ ಮಾಸ್ಟರ್ ಕಿವಿಗೆ ಹಾಕಿ.

ಜೂಡೋದಲ್ಲಿ ಮೊದಲು ಬೀಳುವುದನ್ನು ಕಲಿಸುತ್ತಾರೆ. ಗದ್ದ ಎದೆಗೆ ಒತ್ತಿ, ಕೈಯನ್ನು ಮ್ಯಾಟಿಗೆ ಬಡಿದು, ತಲೆ ನೆಲಕ್ಕೆ ತಾಗದ ಹಾಗೆ ಬೀಳುವುದು. ವಾರಗಟ್ಟಲೆ ಇದೇ ಮಾಡಿ ಬೇಜಾರಾಗುತ್ತದೆ. ಮಾಡಿ. ಮ್ಯಾಟ್ ಹೊರಗೆ ಜೀವನಪೂರ್ತಿ ಉಪಯೋಗಕ್ಕೆ ಬರುವ ಪಾಠ ಇದೊಂದೇ ಅಂತ ನನ್ನ ಅನಿಸಿಕೆ. ಒದ್ದೆ ನೆಲದಲ್ಲಿ ಜಾರಿದಾಗ ಯಾರೂ ಕಟಾ ನೆನಪು ಮಾಡಿಕೊಳ್ಳುವುದಿಲ್ಲ.

ಸ್ಪಾರಿಂಗ್‌ಗೆ ಯಾರ ಜೊತೆ ನಿಲ್ಲಬೇಕು? ಹೊಸಬರು ಹೊಸಬರನ್ನೇ ಹುಡುಕುತ್ತಾರೆ. ಅದೇ ಅಪಾಯ. ಇಬ್ಬರಿಗೂ ಹತೋಟಿ ಇರುವುದಿಲ್ಲ, ಇಬ್ಬರಿಗೂ ಸೋಲಲು ಇಷ್ಟವಿಲ್ಲ. ಬ್ರೌನ್ ಬೆಲ್ಟ್ ಕಟ್ಟಿದ ಅಕ್ಕನೋ ಅಣ್ಣನೋ ಇದ್ದರೆ ಅವರ ಹತ್ತಿರ ಹೋಗಿ "ನಾನು ಹೊಸಬ, ನಿಧಾನಕ್ಕೆ" ಅನ್ನಿ. ಸೋಲುವುದಂತೂ ಗ್ಯಾರಂಟಿ, ಆದರೆ ಮೈಕೈ ನೆಟ್ಟಗಿರುತ್ತದೆ. ಪಟ್ಟು ಬಿಗಿಯಾಯಿತು ಅನ್ನಿಸಿದ ಕೂಡಲೇ ತಟ್ಟಿ. ಕುತ್ತಿಗೆಯ ಎರಡೂ ಬದಿಯ ರಕ್ತನಾಳ ಅಮುಕಿದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ, ಅಷ್ಟರಲ್ಲಿ ಪೌರುಷ ತೋರಿಸಲು ಸಮಯವೇ ಇರುವುದಿಲ್ಲ. ಗುದ್ದುವ ಕಲೆಯಾದರೆ ಮೌತ್‌ಗಾರ್ಡ್ ಇಲ್ಲದೆ ಸ್ಪಾರಿಂಗ್‌ಗೆ ಇಳಿಯಬೇಡಿ. ತಲೆಗೆ ಏಟು ಬಿದ್ದು ಮಂಪರು ಬಂದರೆ, ವಾಂತಿ ಬಂದ ಹಾಗಾದರೆ ಅವತ್ತಿಗೆ ನಿಲ್ಲಿಸಿ ಡಾಕ್ಟರ್ ಹತ್ತಿರ ಹೋಗಿ. "ಏನಾಗಲ್ಲ, ಎದ್ದೇಳು" ಅನ್ನುವ ಮಾಸ್ಟರ್ ಮಾತು ಈ ಒಂದು ವಿಷಯದಲ್ಲಿ ಕೇಳಬೇಡಿ.

ನಲವತ್ತು ದಾಟಿದವರಿಗೆ: ಶುರು ಮಾಡಿ. ಡಾಕ್ಟರ್‌ಗೆ ಒಂದು ಸಲ ತೋರಿಸಿಕೊಳ್ಳಿ, ವಾರಕ್ಕೆ ಎರಡೇ ದಿನ ಸಾಕು. ಜೂಡೋದಲ್ಲಿ 30 ದಾಟಿದವರಿಗೆ ವೆಟರನ್ಸ್ ಅಂತ ಬೇರೆ ವಿಶ್ವ ಪಂದ್ಯಾವಳಿಯೇ ಇದೆ. ಐದೈದು ವರ್ಷಕ್ಕೊಂದು ಗುಂಪು, ಅಜ್ಜಂದಿರೂ ಅಲ್ಲಿ ಒಬ್ಬರನ್ನೊಬ್ಬರು ಎಸೆಯುತ್ತಾರೆ. ಕಷ್ಟವಾಗುವುದು ಮೈಗಲ್ಲ. ಅರ್ಧ ವಯಸ್ಸಿನವರ ಕೈಲಿ ಬಿದ್ದು, ಎದ್ದು, ಬಗ್ಗಿ ನಮಸ್ಕಾರ ಮಾಡಿ ಮತ್ತೆ ನಿಲ್ಲಬೇಕು ನೋಡಿ, ಅದು. ಆಫೀಸಿನಲ್ಲಿ ದೊಡ್ಡ ಕುರ್ಚಿಯಲ್ಲಿ ಕೂರುವವರೇ ಜಾಸ್ತಿ ಬೇಗ ಬಿಟ್ಟುಹೋಗುವುದನ್ನು ನೋಡಿದ್ದೇನೆ.

ಮೂರ್ನಾಲ್ಕು ತಿಂಗಳಾದ ಮೇಲೂ ಹೋಗುವ ದಿನ ಹೊಟ್ಟೆ ತೊಳಸಿದ ಹಾಗಾಗುತ್ತಿದ್ದರೆ, ಕ್ಲಾಸಿನಲ್ಲಿ ಪದೇಪದೇ ಯಾರಿಗಾದರೂ ಪೆಟ್ಟಾಗುತ್ತಿದ್ದರೆ ಬೇರೆ ಕಡೆ ನೋಡಿ. "ನಮ್ಮನ್ನು ಬಿಟ್ಟು ಹೋದರೆ ದ್ರೋಹ" ಅನ್ನುವ ಮಾಸ್ಟರ್‌ಗಳಿದ್ದಾರೆ. ನೀವು ಫೀಸ್ ಕಟ್ಟಿ ಕಲಿಯುತ್ತಿದ್ದೀರಿ, ಮಠಕ್ಕೆ ದೀಕ್ಷೆ ತಗೊಂಡಿಲ್ಲ. ಹೊರಡುವಾಗ ಮುಖಾಮುಖಿ ಹೇಳಿ ಹೊರಡಿ. ಬೇರೆ ಕಲೆಗೆ ಹೋದರೆ ಅಲ್ಲಿ ಮತ್ತೆ ಬಿಳಿ ಬೆಲ್ಟ್‌ನಿಂದ ಶುರು, ಎಷ್ಟೇ ವರ್ಷ ಕಲಿತಿದ್ದರೂ. ಹಳೆಯ ಬೆಲ್ಟ್ ಮನೆಯಲ್ಲೇ ಇರಲಿ, ಅದನ್ನು ಕಟ್ಟಿಕೊಂಡು ಹೊಸ ಕ್ಲಾಸಿಗೆ ಹೋದವರಿಗೆ ಮೊದಲ ದಿನ ಪೆಟ್ಟು ಸ್ವಲ್ಪ ಜಾಸ್ತಿಯೇ ಬೀಳುತ್ತದೆ.