ಕೂತು ಉಂಡರೆ 5, ಕಟ್ಟಿಸಿಕೊಂಡರೆ 27

ಫೆರೆಂತ್ಸ್ ಪುಷ್ಕಾಷ್ ಎಂಬ ಫುಟ್‌ಬಾಲ್ ಆಟಗಾರ 1953ರಲ್ಲಿ ವೆಂಬ್ಲಿಗೆ ಹೋಗಿ ಇಂಗ್ಲೆಂಡಿಗೆ 6-3ರ ಸೋಲು ಉಣಿಸಿ ಬಂದ ತಂಡದ ನಾಯಕ. ದೇಶದ ಪರ 85 ಪಂದ್ಯ, 84 ಗೋಲು. ಇಂಥ ಮನುಷ್ಯನಿಗೆ ಹಂಗೇರಿ ಸರ್ಕಾರ ಕೊಟ್ಟ ಗೌರವ ಯಾವುದು ಗೊತ್ತೇ? ಚಳಿಗಾಲದ ಸಲಾಮಿ, ಸೋಡಾ ನೀರು, ಕರ್ತ್ಸಗ್ ಊರಿನ ಕುರಿಮಾಂಸದ ಗೊಜ್ಜು, ಬೂದು ಬಣ್ಣದ ದನ, ಇವುಗಳೊಟ್ಟಿಗೆ ಒಂದೇ ಪಟ್ಟಿಯಲ್ಲಿ ಒಂದು ಜಾಗ. ಪಟ್ಟಿಯ ಹೆಸರು ಹಂಗರಿಕುಮ್, ಅಂದರೆ ಹಂಗೇರಿಯದೇ ಎಂದು ಹೆಮ್ಮೆಪಡುವ ಸಂಗತಿಗಳ ಪಟ್ಟಿ. ಇದಕ್ಕೆಂದೇ 2012ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಊರಿಗೊಂದು ಸಮಿತಿ, ಅದರ ಮೇಲೆ ಜಿಲ್ಲೆಗೊಂದು, ಅದರ ಮೇಲೆ ರಾಷ್ಟ್ರೀಯ ಮೌಲ್ಯ ಭಂಡಾರ, ಎಲ್ಲಕ್ಕೂ ತುದಿಯಲ್ಲಿ ಕೃಷಿ ಸಚಿವರ ಅಧ್ಯಕ್ಷತೆಯ ಹಂಗರಿಕುಮ್ ಸಮಿತಿ. ಒಂದು ಸಾರು ಇಷ್ಟು ಮೆಟ್ಟಿಲು ಹತ್ತುವಷ್ಟರಲ್ಲಿ ಆರಿ ತಣ್ಣಗಾಗಿರುತ್ತದೆ. ಆದರೇನು, ಮುದ್ರೆ ಬಿದ್ದಿರುತ್ತದೆ.

ನಮ್ಮಲ್ಲಿ ಇದು ನಡೆದಿದ್ದರೆ ಹೇಗಿರುತ್ತಿತ್ತು ಅಂತ ನೋಡಿ. ಕೃಷಿ ಸಚಿವರು ದಾವಣಗೆರೆ ಬೆಣ್ಣೆ ದೋಸೆ, ನಂಜನಗೂಡು ರಸಬಾಳೆ, ಅಮೃತಮಹಲ್ ಹಸು ಎಂದು ಓದುತ್ತ ಬಂದು, ಅದೇ ಧಾಟಿಯಲ್ಲಿ ಕ್ರಮಸಂಖ್ಯೆ ಸಹಿತ ‘ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್’ ಅನ್ನುತ್ತಿದ್ದರು. ಸಭೆ ಮೇಜು ಕುಟ್ಟಿ ಅನುಮೋದಿಸುತ್ತಿತ್ತು.

ಪಟ್ಟಿಯಲ್ಲಿ ಬಾಯಾ ಎಂಬ ಊರಿನ ಮೀನಿನ ಸಾರೂ ಇದೆ. ಬಾಯಾದವರು ಸಾರಿಗೆ ಶಾವಿಗೆ ಹಾಕಿಕೊಂಡು ತಿನ್ನುತ್ತಾರೆ. ತೀಸಾ ನದಿ ದಂಡೆಯ ಸೆಗೆಡ್‌ನವರಿಗೆ ಮೀನಿನ ಸಾರಿನಲ್ಲಿ ಶಾವಿಗೆ ಕಂಡರೆ ಮೈ ಉರಿಯುತ್ತದೆ. ಈ ಜಗಳ ಯಾವ ಸಮಿತಿಯಿಂದಲೂ ಬಗೆಹರಿಯುವಂಥದ್ದಲ್ಲ, ಬಗೆಹರಿಯಬಾರದು ಕೂಡ.

ಯಾವ ಪಟ್ಟಿಗೂ ಸೇರದ, ಸೇರುವ ಆಸೆಯೂ ಇಲ್ಲದ ಜಾಗವೆಂದರೆ ಬುಡಾಪೆಸ್ಟಿನ ಒಳಬೀದಿಗಳಲ್ಲಿರುವ ಏತ್‌ಕೆಜ್ದೆ. ಮನೆಮಂದಿಯೇ ಸೇರಿ ನಡೆಸುವ ಪುಟ್ಟ ಊಟದ ಮನೆ. ಹೆಚ್ಚಾಗಿ ವಾರದ ದಿನಗಳಲ್ಲಿ, ಅದೂ ಮಧ್ಯಾಹ್ನದ ಹೊತ್ತಿಗಷ್ಟೇ ತೆರೆದಿರುತ್ತದೆ. ಕೆಂಪು-ಬಿಳಿ ಚೌಕಳಿಯ ಮೇಜುಬಟ್ಟೆ. ನಾಲ್ಕು ಜನರ ಮೇಜಿನಲ್ಲಿ ಒಬ್ಬರೇ ಕೂತಿದ್ದರೆ ಉಳಿದ ಮೂರು ಕುರ್ಚಿ ಊರಿಗೆಲ್ಲ ಸೇರಿದ್ದು. ಯಾರೋ ನಿವೃತ್ತ ಮೇಷ್ಟ್ರು, ಯಾರೋ ಪ್ಲಂಬರ್ ಬಂದು ಕೂತು ‘ಯೋ ಎತ್ವಾಗ್ಯತ್’ ಎಂದು ಹಾರೈಸಿ ತಟ್ಟೆಗೆ ತಲೆ ಬಗ್ಗಿಸುತ್ತಾರೆ. ನಾನು ಹೋಗುವ ಕಡೆ ಅಡುಗೆಮನೆಯಲ್ಲಿ ಅಜ್ಜಿ, ಗಲ್ಲಾದಲ್ಲಿ ಮಗ, ಬಡಿಸುವುದು ಸೊಸೆ. ಆಲೂಗಡ್ಡೆ ಸಿಪ್ಪೆ ತೆಗೆಯುವುದು ಮೊಮ್ಮಗ. ಅವನ ಮುಖ ನೋಡಿದರೆ ಅದು ಪರೀಕ್ಷೆಯ ಫಲಿತಾಂಶಕ್ಕೆ ಸಿಕ್ಕ ಶಿಕ್ಷೆ ಅನ್ನಿಸುತ್ತದೆ.

ಬೆಂಗಳೂರಿನಿಂದ ಕಂಪನಿ ಕೆಲಸಕ್ಕೆ ಹೋಗಿ ಇಳಿದ ನಮ್ಮಂಥ ಸಸ್ಯಾಹಾರಿಗಳಿಗೆ ಇಲ್ಲಿ ದೇವರು ಮೂರು ದಾರಿ ಇಟ್ಟಿದ್ದಾನೆ. ಒಂದು, ಕರಿದ ಚೀಸು. ಎರಡು, ಫೋಜೆಲೇಕ್: ಸೋರೆಯ ಬಳಗದ ತರಕಾರಿಯನ್ನೋ ಬಟಾಣಿಯನ್ನೋ ಬೇಯಿಸಿ ಹಿಟ್ಟು ಹಾಕಿ ಗಟ್ಟಿ ಮಾಡಿದ್ದು, ನಮ್ಮ ಕೂಟಿಗೆ ದೂರದ ನೆಂಟ, ಖಾರ ಮಾತ್ರ ತವರಿನಲ್ಲೇ ಬಿಟ್ಟು ಬಂದಿದೆ. ಮೂರನೆಯದು ಗಸಗಸೆ ಪುಡಿ, ಸಕ್ಕರೆ ಬೆರೆಸಿದ ಅಗಲ ಶಾವಿಗೆ. ಗಸಗಸೆ ಪಾಯಸ ಕುಡಿದು ಹಬ್ಬದ ಮಧ್ಯಾಹ್ನ ಗೊರಕೆ ಹೊಡೆದವರಿಗೆ ಅದರ ಗುಣ ಹೇಳಬೇಕಿಲ್ಲ; ಇಲ್ಲಿ ಅದನ್ನೇ ಊಟವಾಗಿ ತಿಂದು ಎದ್ದು ಆಫೀಸಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಹುಳಿ ಚೆರ್ರಿಯ ಸಿಹಿ ಸೂಪನ್ನು ತಣ್ಣಗೆ, ಕೆನೆ ಹಾಕಿ, ಊಟಕ್ಕೆ ಮೊದಲೇ ಕೊಡುತ್ತಾರೆ. ಮೊದಲ ಸಲ ಕಂಡಾಗ ಎಲೆಯನ್ನು ತಲೆಕೆಳಗಾಗಿ ಹಾಕಿದರೋ ಅನ್ನಿಸಿತ್ತು. ಪನೀರಿನಂಥ ತುರೋ ಉದುರಿಸಿದ ಶಾವಿಗೆಯೂ ಇದೆ. ಮಾಂಸ ಇಲ್ಲವಷ್ಟೇ ಅಂತ ಕೇಳಿದರೆ ಸೊಸೆ ‘ಛೆ ಛೆ, ಇಲ್ಲವೇ ಇಲ್ಲ’ ಅನ್ನುತ್ತಾಳೆ. ಮೇಲೆ ಉದುರಿಸಿರುವುದು ಹಂದಿಯ ಕೊಬ್ಬಿನ ಚೂರು. ಅವಳ ಲೆಕ್ಕದಲ್ಲಿ ಅದು ಒಗ್ಗರಣೆ.

ಮೇಷ್ಟ್ರು, ಪ್ಲಂಬರ್ ಇಬ್ಬರೂ ಬಿಯರ್ ಕುಡಿದರೂ ಗ್ಲಾಸಿಗೆ ಗ್ಲಾಸು ತಾಗಿಸುವುದಿಲ್ಲ. 1849ರ ಅಕ್ಟೋಬರ್ 6ರಂದು ಅರಾದ್‌ನಲ್ಲಿ ಆಸ್ಟ್ರಿಯನ್ನರು 13 ಹಂಗೇರಿಯನ್ ಸೇನಾನಿಗಳನ್ನು ಕೊಂದರು. ಆಮೇಲೆ ಬಿಯರ್ ಗ್ಲಾಸು ತಾಗಿಸಿ ಸಂಭ್ರಮಿಸಿದರು ಅಂತ ಐತಿಹ್ಯ. 150 ವರ್ಷ ನಾವು ಬಿಯರ್ ಗ್ಲಾಸು ತಾಗಿಸೆವು ಎಂದು ಜನ ಆಣೆ ಇಟ್ಟರಂತೆ. ಆಣೆಯ ಅವಧಿ 1999ಕ್ಕೇ ಮುಗಿಯಿತು. ಆದರೂ ತಾಗಿಸದವರು ಇನ್ನೂ ಬೇಕಾದಷ್ಟು. ಯಾವ ಗೆಜೆಟ್ಟಿನಲ್ಲೂ ಇಲ್ಲದ, ಅವಧಿ ತೀರಿದ ನಿಯಮವನ್ನು ಜನ ಚಾಚೂ ತಪ್ಪದೆ ಪಾಲಿಸುತ್ತಾರೆ. ಗೆಜೆಟ್ಟಿನಲ್ಲಿ ಇರುವುದಕ್ಕೆ ಮಾತ್ರ ಪ್ರತಿ ಜನವರಿಗೂ ಲೆಕ್ಕಿಗರನ್ನು ಕೇಳಬೇಕು.

ಗಲ್ಲಾದ ಮಗನ ಮುಂದಿರುವ ಯಂತ್ರವನ್ನೇ ನೋಡಿ. 2014ರಿಂದ ಅದು ನೇರ ತೆರಿಗೆ ಇಲಾಖೆಗೆ ಜೋಡಣೆಯಾಗಿದೆ. ಇಲ್ಲಿ ಡ್ರಾಯರು ತೆಗೆದರೆ ಅಲ್ಲಿ ಗೊತ್ತಾಗುತ್ತದೆ. 2022ರಿಂದ ಸರ್ಕಾರಿ ಪ್ರವಾಸೋದ್ಯಮ ದತ್ತಾಂಶ ಕೇಂದ್ರಕ್ಕೂ ಮಾರಾಟದ ವಿವರ ಹೋಗಬೇಕು, ಏನು ಮಾರಿತು, ಯಾವ ವರ್ಗದ್ದು ಅಂತ. ಅಜ್ಜಿಯ ಬಟಾಣಿ ಫೋಜೆಲೇಕ್ ತಿನ್ನಲು ಬರುವ ಅತಿ ದೂರದ ಪ್ರವಾಸಿ ಎಂದರೆ ಎರಡನೇ ಮಹಡಿಯ ವಿಧವೆ. ಆದರೂ ಆಕೆ ಒಂದು ತಟ್ಟೆ ಮುಗಿಸಿದ್ದು ರಾಷ್ಟ್ರೀಯ ಪ್ರವಾಸೋದ್ಯಮದ ಅಂಕಿಅಂಶ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರು ಈ ಯಂತ್ರದ ಕಥೆ ಕೇಳಿದರೆ ನಕ್ಕಾರು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸು ಬಂದಾಗ ಅವರು ಕ್ಯೂಆರ್ ಕೋಡಿನ ಜಾಗದಲ್ಲಿ ‘ನಗದು ಮಾತ್ರ’ ಎಂದು ಚೀಟಿ ಅಂಟಿಸಿದರು. ಹಂಗೇರಿಯ ಮಗನಿಗೆ ಆ ಸುಖವೂ ಇಲ್ಲ: 2021ರಿಂದ ಇಂಥ ಯಂತ್ರ ಇಟ್ಟವರು ಎಲೆಕ್ಟ್ರಾನಿಕ್ ಪಾವತಿ ಒಲ್ಲೆ ಅನ್ನುವಂತಿಲ್ಲ.

ಇನ್ನು ಬೆಲೆ. 2022ರ ಫೆಬ್ರುವರಿಯಲ್ಲಿ ಸರ್ಕಾರ ಮೈದಾ, ಸಕ್ಕರೆ, ಎಣ್ಣೆ, ಹಾಲು, ಕೋಳಿಯ ಎದೆ, ಹಂದಿಯ ತೊಡೆಗೆ ಬೆಲೆಯ ಮಿತಿ ಹಾಕಿತು. ಇದು ಸರ್ಕಾರದ ಕೃಪೆ ಎಂದು ಅಂಗಡಿಯವರು ಫಲಕವನ್ನೂ ಹಾಕಬೇಕಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ. 44.8ರಷ್ಟು ಏರಿತ್ತು. ಅದಕ್ಕೆ ಯಾರೂ ಫಲಕ ಹಾಕಲಿಲ್ಲ.

ಅಜ್ಜಿಯ ಅಡುಗೆಗೆ ಜೀವ ಕೊಡುವುದು ಪಾಪ್ರಿಕ, ಕೆಂಪು ಮೆಣಸಿನ ಪುಡಿ. ಸೆಗೆಡ್ ಮತ್ತು ಕಲೋಚದ ಪುಡಿಗಳು ಹಂಗರಿಕುಮ್ ಪಟ್ಟಿಯ ಹಿರಿಯ ಸದಸ್ಯರು. 1937ರ ನೊಬೆಲ್ ಪಡೆದ ಆಲ್ಬರ್ಟ್ ಸೆಂಟ್-ಗ್ಯೋರ್ಗಿ ಸಿ ವಿಟಮಿನ್ನನ್ನು ರಾಶಿಗಟ್ಟಲೆ ತೆಗೆದದ್ದು ಸೆಗೆಡ್‌ನ ಇದೇ ಮೆಣಸಿನಕಾಯಿಯಿಂದ. ಅಂಥ ಪುಡಿಗೆ 1994ರಲ್ಲಿ ಯಾರೋ ಪುಣ್ಯಾತ್ಮರು ಬಣ್ಣ ಬರಲೆಂದು ಸೀಸದ ಆಕ್ಸೈಡು ಬೆರೆಸಿ ಜನ ಆಸ್ಪತ್ರೆ ಸೇರಿದ್ದರು. 2004ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ದೇಶಾದ್ಯಂತ ಮಾರಾಟ ನಿಂತಿತು. ಈ ಸಲ ಶಿಲೀಂಧ್ರದ ವಿಷ. ತನಿಖೆ ಮಾಡಿದರೆ ರಾಷ್ಟ್ರೀಯ ಹೆಮ್ಮೆಯ ಪೊಟ್ಟಣದೊಳಗೆ ಬ್ರೆಜಿಲಿನ ಮೆಣಸು. ನನ್ನ ಕೇಳಿದರೆ ಬ್ರೆಜಿಲಿನದಕ್ಕೇ ಹಕ್ಕು ಹೆಚ್ಚು. ಮೆಣಸಿನಕಾಯಿಯ ತವರು ಅಮೆರಿಕ ಖಂಡ, ಹಂಗೇರಿಗೆ ಅದು ತುರ್ಕರ ಕಾಲದಲ್ಲಿ ಬಂದ ವಲಸಿಗ. ಪೋರ್ಚುಗೀಸರು ತಂದ ಕಾಯಿಗೆ 2011ರಲ್ಲಿ ‘ಬ್ಯಾಡಗಿ’ ಎಂದು ಭೌಗೋಳಿಕ ಗುರುತು ಕೊಡಿಸಿದ ನಾವು ಇದರ ಮೇಲೆ ಹೆಚ್ಚು ಮಾತಾಡದಿರುವುದು ಲೇಸು.

ಮನೆಯಲ್ಲೇ ಹಣ್ಣಿನಿಂದ ಪಾಲಿಂಕ ಭಟ್ಟಿ ಇಳಿಸುವ ಹಕ್ಕಿನದು ಇನ್ನೊಂದು ಪುರಾಣ. 2010ರಲ್ಲಿ ಸರ್ಕಾರ ಅದಕ್ಕೆ ತೆರಿಗೆ ಮಾಫಿ ಮಾಡಿತು, 2014ರಲ್ಲಿ ಐರೋಪ್ಯ ನ್ಯಾಯಾಲಯ ಅದು ಒಕ್ಕೂಟದ ನಿಯಮಕ್ಕೆ ವಿರುದ್ಧ ಅಂದಿತು. ದೇಶದ ಸಾರ್ವಭೌಮತ್ವ ತಾತನ ಹಿತ್ತಲಿನ ಹಂಡೆಯಲ್ಲಿ ಕೊತಕೊತ ಕುದಿಯಿತು.

ಇವೆಲ್ಲಕ್ಕೂ ಕಳಶವಿಟ್ಟದ್ದು ತೆರಿಗೆ. ಹಂಗೇರಿಯ ಮೌಲ್ಯವರ್ಧಿತ ತೆರಿಗೆ ಶೇ. 27, ಐರೋಪ್ಯ ಒಕ್ಕೂಟದಲ್ಲಿ ಇದನ್ನು ಮೀರಿಸಿದವರಿಲ್ಲ. ಹೋಟೆಲಿನವರು ಬದುಕಿಕೊಳ್ಳಲಿ ಎಂದು ಅವರ ಊಟಕ್ಕೆ 2017ರಲ್ಲಿ ಶೇ. 18, 2018ರಲ್ಲಿ ಶೇ. 5 ಮಾಡಿದರು. ಕೊಟ್ಟ ಕೈ ಸುಮ್ಮನಿರದೆ ಅದೇ 2018ರಲ್ಲಿ ಪ್ರವಾಸೋದ್ಯಮ ಅಭಿವೃದ್ಧಿಗೆಂದು ಶೇ. 4ರ ವಂತಿಗೆ ಹೇರಿತು. ಇರಲಿ. ಆ ಶೇ. 5 ಸಿಗಬೇಕಾದರೆ ಗಿರಾಕಿ ಅಲ್ಲೇ ಉಣ್ಣಬೇಕು. ಮೇಜು, ತಟ್ಟೆ, ಚಮಚ, ಬಡಿಸುವ ಸೊಸೆ ಇದ್ದರೆ ಗುಯಾಶ್ ಎಂಬ ಮಾಂಸದ ಸಾರು ಒಂದು ಸೇವೆ. ಅದೇ ಪಾತ್ರೆಯಿಂದ ಅದೇ ಸೌಟಿನಲ್ಲಿ ಡಬ್ಬಿಗೆ ಸುರಿದರೆ ಅದು ಸರಕು, ಶೇ. 27. ಅಜ್ಜಿ ಹಿಂಡಿದ ನಿಂಬೆ ಪಾನಕಕ್ಕೆ 5, ಬಾಟಲಿ ಕೋಲಾಕ್ಕೆ 27. ವೈನಿಗೆ ಸೋಡಾ ಬೆರೆಸಿದ ಫ್ರೋಚ್ ಸಾಕ್ಷಾತ್ ಹಂಗರಿಕುಮ್, ಅದಕ್ಕೂ 27. ಹೆಮ್ಮೆಗೆ ರಿಯಾಯಿತಿ ಇಲ್ಲ. ಕೋವಿಡ್ ಕಾಲದಲ್ಲಿ ಕೂರುವಂತೆಯೇ ಇಲ್ಲವಾದಾಗ ಮಾತ್ರ ಪಾರ್ಸೆಲ್ಲಿಗೂ 5 ಅಂದರು. ರೋಗದ ಜೊತೆ ಆ ದಯೆಯೂ ಹೋಯಿತು.

ಕನ್ನಡಿಗರು ಬೀಗುವ ಹಾಗಿಲ್ಲ. 2020ರಲ್ಲಿ ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವೇ ಪರೋಟ ರೊಟ್ಟಿಯಲ್ಲ ಎಂಬ ಮಹಾದರ್ಶನ ಮಾಡಿಸಿ, ರೊಟ್ಟಿಗೆ 5 ಇದ್ದರೆ ಪರೋಟಕ್ಕೆ 18 ಅಂದದ್ದು. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿ ಸೊನ್ನೆ ತೆರಿಗೆ ಬಡಿಸಲು 2025ರ ಸೆಪ್ಟೆಂಬರ್ ಬರಬೇಕಾಯಿತು.

ಒಂದು ಮಧ್ಯಾಹ್ನ ಗಸಗಸೆ ಶಾವಿಗೆ ಅರ್ಧ ಉಳಿಯಿತು. ಕಟ್ಟಿಕೊಡಿ ಅಂದೆ. ಗಲ್ಲಾದ ಮಗನ ಕೈ ಯಂತ್ರದ ಮೇಲೇ ನಿಂತುಬಿಟ್ಟಿತು. ತಿಂದ ಅರ್ಧ ಸೇವೆ ಸರಿ, ಉಳಿದರ್ಧ? ಅವನು ಲೆಕ್ಕಿಗರಿಗೆ ಫೋನು ಹಚ್ಚಿ, ಮೇಜಿನವರೆಲ್ಲ ಕೇಳಲೆಂದು ಸ್ಪೀಕರಿಗೆ ಹಾಕಿದ.

‘ಗಿರಾಕಿ ಕೂತಿದ್ದಾರೋ, ಎದ್ದಿದ್ದಾರೋ?’

‘ಅರ್ಧ ಎದ್ದಿದ್ದಾರೆ.’

‘ಡಬ್ಬಿ ನಿಮ್ಮದೋ, ಅವರದೋ?’

‘ನಮ್ಮದು.’

‘ಮುಚ್ಚಳ ಹಾಕಿದ್ದೀರಾ?’

‘ಇನ್ನೂ ಇಲ್ಲ.’

‘ಹಾಕಬೇಡಿ,’ ಎಂದರು ಲೆಕ್ಕಿಗರು ಗಾಬರಿಯಿಂದ. ‘ಒಂದು ನಿಮಿಷ, ಸುತ್ತೋಲೆ ನೋಡಿ ಹೇಳುತ್ತೇನೆ.’

ಆ ಒಂದು ನಿಮಿಷ ಉದ್ದವಾಯಿತು. ಪ್ಲಂಬರ್ ತನ್ನ ಅಭಿಪ್ರಾಯ ಹೇಳಿದ, ಮೇಷ್ಟ್ರು ಅದನ್ನು ಖಂಡಿಸಿದರು. ಗಲಾಟೆ ಕೇಳಿ ಅಡುಗೆಮನೆಯಿಂದ ಸೌಟು ಹಿಡಿದೇ ಹೊರಗೆ ಬಂದ ಅಜ್ಜಿ ನನ್ನ ತಟ್ಟೆ ನೋಡಿದರು, ನನ್ನನ್ನು ನೋಡಿದರು, ಹೆಗಲು ಹಿಡಿದು ಕೂರಿಸಿದರು.

‘ತಿನ್ನಪ್ಪ,’ ಎಂದರು.

ತಿಂದೆ. ಶೇ. 5ಕ್ಕೆ ಬಿಲ್ಲು ಹರಿದು ಕೊಟ್ಟ ಮಗ, ಫೋನಿನಲ್ಲಿ ಇನ್ನೂ ಸುತ್ತೋಲೆಯ ಪುಟ ಮಗುಚುತ್ತಿದ್ದ ಲೆಕ್ಕಿಗರಿಗೆ ಹೇಳಿದ: ‘ಸಾರ್, ಹುಡುಕಬೇಡಿ. ದಾಖಲೆ ನಾಶವಾಗಿದೆ.’